ಉಪ್ಪರಿಗೆಯ 11 ಫೋನು, ನಾಲ್ಕು ಊರಿನ ಬೆರಳು: ನಾವು ಮಾಡಿ ನೋಡಿದ ಹೋಲಿಕೆ

ಬದಿಯಡ್ಕದ ಹತ್ತಿರ ನಮ್ಮ ಮನೆ. ಉಪ್ಪರಿಗೆಯ ಕಿಟಕಿ ಪಕ್ಕ ಒಂದು ಮೇಜು, ಅದರ ಮೇಲೆ ಅಡುಗೆಮನೆಯಿಂದ ಎತ್ತಿಕೊಂಡು ಬಂದ ಎರಡು ಸ್ಟೀಲ್ ತಟ್ಟೆ ಸ್ಟ್ಯಾಂಡು. ತಟ್ಟೆ ನಿಲ್ಲಬೇಕಾದ ಸಂದಿಗಳಲ್ಲಿ, ನಮ್ಮ ಆ್ಯಪ್ ಪರೀಕ್ಷಿಸಲು ಇಟ್ಟ 11 ಆಂಡ್ರಾಯ್ಡ್ ಫೋನು ನಿಂತಿವೆ. ಒಂದಕ್ಕೊಂದು ತಾಗುವುದಿಲ್ಲ, ನಡುವೆ ಗಾಳಿ ಆಡುತ್ತದೆ. ಇದಕ್ಕಿಂತ ಒಳ್ಳೆ ಸ್ಟ್ಯಾಂಡು ನಾನು ದುಡ್ಡು ಕೊಟ್ಟರೂ ಕಂಡಿಲ್ಲ.

ನಾವು ನಾಲ್ಕು ಜನ. ನಾನು ಇಲ್ಲಿ, ಒಬ್ಬಳು ಗೆಳತಿ ಮಂಗಳೂರಿನಲ್ಲಿ, ಒಬ್ಬ ಚೆರುವತ್ತೂರಿನಲ್ಲಿ, ಇನ್ನೊಬ್ಬ ಬೆಂಗಳೂರಿನಲ್ಲಿ. ಅಡಿಕೆ, ಕಾಳುಮೆಣಸು, ತೆಂಗಿನಕಾಯಿ ಕೊಳ್ಳುವ ಅಂಗಡಿಗಳಿಗೆ ತೂಕದ ಚೀಟಿ ಮಾಡಿಕೊಡುವ ಆ್ಯಪ್ ನಮ್ಮದು. ಕನ್ನಡ, ಮಲಯಾಳ ಎರಡೂ ಬೇಕು. ಕಾಸರಗೋಡಿನಲ್ಲಿ ಒಂದೇ ಭಾಷೆಯಲ್ಲಿ ಚೀಟಿ ಕೊಟ್ಟರೆ ಅರ್ಧ ಗಿರಾಕಿ ಮುಖ ನೋಡುತ್ತಾರೆ.

ಪರೀಕ್ಷೆಗೆ ಎಮ್ಯುಲೇಟರ್, ಅಂದರೆ ಕಂಪ್ಯೂಟರಿನೊಳಗಿನ ನಕಲಿ ಫೋನು, ಸಾಲದಾ ಅಂತ ಕೇಳುವವರಿಗೆ ಒಂದು ಕಥೆ ಸಾಕು. ಎಮ್ಯುಲೇಟರಿನಲ್ಲಿ ‘ಒಟ್ಟು ಮೊತ್ತ’ ಚೆನ್ನಾಗಿ ಕಾಣುತ್ತಿತ್ತು. ಪೆರ್ಲದ ಒಂದು ಅಂಗಡಿಯ ಹಳೇ ಫೋನಿನಲ್ಲಿ ಕೆಳಗಿನ ಒತ್ತಕ್ಷರವೇ ಕತ್ತರಿಸಿ ಹೋಗಿ ‘ಒಟು ಮೊತ’ ಆಗಿತ್ತು. ಆ ಫೋನಿನ ಅಕ್ಷರಕ್ಕೆ ನಾವು ಕೊಟ್ಟ ಸಾಲಿನ ಎತ್ತರ ಸಾಲಲಿಲ್ಲ, ಅಷ್ಟೆ. ಅಂಗಡಿಯವರು ನಗುತ್ತಾ, ‘ಎಂತ ಮಾರಾಯ, ನಿಮ್ಮ ಆ್ಯಪಿಗೆ ಕನ್ನಡ ಬರುವುದಿಲ್ವಾ?’ ಅಂದರು. ಅವತ್ತಿನಿಂದ ನಿಜವಾದ ಫೋನು ಕೂಡಿಹಾಕಲು ಶುರು ಮಾಡಿದೆವು. ನೆಂಟರ ಮನೆಯ ಡ್ರಾಯರುಗಳಲ್ಲಿ ಮಲಗಿದ್ದವು, ಪರದೆ ಬಿರುಕು ಬಿಟ್ಟವು, ಎಲ್ಲ ಬಂದವು. ಆಂಡ್ರಾಯ್ಡ್ 5ರಿಂದ 14ರವರೆಗೆ ಉಂಟು ಈಗ.

ಫೋನು ಒಂದು ಕಡೆ, ಜನ ನಾಲ್ಕು ಕಡೆ. ಹಂಚಿಕೊಳ್ಳುವುದು ಹೇಗೆ? ನಾಲ್ಕು ದಾರಿ ಹಿಡಿದು ನೋಡಿದೆವು.

ಮೊದಲನೆಯದು ಬಸ್ಸು. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಫೋನನ್ನು ಹಳೇ ಟವೆಲಿನಲ್ಲಿ ಸುತ್ತಿ, ಆ ಕಡೆ ಹೋಗುವ ಯಾರದ್ದಾದರೂ ಕೈಯಲ್ಲಿ ಕೊಟ್ಟು, ಒಂದು ನೋಟುಬುಕ್ಕಿನಲ್ಲಿ ಬರೆದಿಡುವುದು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಬೆಳಿಗ್ಗೆ ಕೊಟ್ಟರೆ ಮಧ್ಯಾಹ್ನಕ್ಕೆ ಅವಳ ಕೈಯಲ್ಲಿ. ಫೋನು ಕೈಯಲ್ಲೇ ಇದ್ದರೆ ಸಿಗುವ ಸುಖ ಬೇರೆ ಯಾವುದರಲ್ಲೂ ಇಲ್ಲ. ಬಿಸಿಲಿನಲ್ಲಿ ಪರದೆ ಕಾಣುತ್ತದಾ, ಒದ್ದೆ ಬೆರಳಿಗೆ ಬಟನ್ ಸಿಗುತ್ತದಾ, ಎಲ್ಲ ಗೊತ್ತಾಗುತ್ತದೆ. ತೊಂದರೆ ಇದ್ದದ್ದು ನೋಟುಬುಕ್ಕಿನಲ್ಲಿ. ತಗೊಂಡದ್ದನ್ನು ಎಲ್ಲರೂ ಬರೆಯುತ್ತಾರೆ, ಕೊಟ್ಟದ್ದನ್ನು ಯಾರೂ ಬರೆಯುವುದಿಲ್ಲ. ಒಂದು ಫೋನು ಮೂರು ವಾರ ಕಾಣೆ. ಕೊನೆಗೆ ಸಿಕ್ಕಿದ್ದು ನನ್ನದೇ ಬ್ಯಾಗಿನ ಅಡಿಯಲ್ಲಿ.

ಎರಡನೆಯದು ಎಸ್‌ಸಿಆರ್‌ಸಿಪಿವೈ (scrcpy). ಹೆಸರು ಹೇಳಲು ನಾಲಿಗೆ ಹೊರಳುವುದಿಲ್ಲ, ಹಾಗಾಗಿ ನಾವು ‘ಸ್ಕ್ರೀನ್ ಕಾಪಿ’ ಅಂತಲೇ ಕರೆಯುತ್ತೇವೆ. ಜೀನಿಮೊಬೈಲ್ ಕಂಪನಿ 2018ರಲ್ಲಿ ಹೊರತಂದ ಉಚಿತ ಸಾಧನ, ಫೋನನ್ನು ಲ್ಯಾಪ್‌ಟಾಪಿನಿಂದಲೇ ನೋಡಿ ಒತ್ತಬಹುದು. ಫೋನಿಗೆ ಆ್ಯಪ್ ಹಾಕಬೇಕಾಗಿಲ್ಲ, ರೂಟ್ (ಫೋನಿನ ಬೀಗ ಮುರಿದು ಪೂರ್ತಿ ಅಧಿಕಾರ ಪಡೆಯುವುದು) ಮಾಡಬೇಕಾಗಿಲ್ಲ. ಸೆಟ್ಟಿಂಗ್ಸಿನಲ್ಲಿ ಬಿಲ್ಡ್ ನಂಬರನ್ನು 7 ಸಲ ಒತ್ತಿ ಡೆವಲಪರ್ ಆಯ್ಕೆ ತೆರೆದು, ಕಂಪ್ಯೂಟರಿನ ಮಾತು ಕೇಳಲು ಫೋನಿಗೆ ಅನುಮತಿ ಕೊಡುವ ಯುಎಸ್‌ಬಿ ಡೀಬಗ್ಗಿಂಗ್ ಹಾಕಿದರೆ ಫೋನಿನ ಪರದೆ ಲ್ಯಾಪ್‌ಟಾಪಿನಲ್ಲಿ. ಆಂಡ್ರಾಯ್ಡ್ 5 ಇದ್ದರೆ ಸಾಕು. ಆಂಡ್ರಾಯ್ಡ್ 11ರಿಂದ ಮೇಲಿನದ್ದಾದರೆ ಧ್ವನಿಯೂ ಬರುತ್ತದೆ.

ವೇಗದಲ್ಲಿ ಇದಕ್ಕೆ ಸಾಟಿ ಇಲ್ಲ. ಪರದೆಯನ್ನು ಫೋನೇ ವಿಡಿಯೋ ಮಾಡಿ ಕಳಿಸುತ್ತದೆ. ಕೇಬಲ್ ಹಾಕಿ ಕೂತರೆ ಬೆರಳಿಗೂ ಪರದೆಗೂ ನಡುವೆ ವ್ಯತ್ಯಾಸವೇ ತಿಳಿಯುವುದಿಲ್ಲ. ಮಂಗಳೂರಿನಿಂದ ನೋಡುವಾಗ ಸ್ವಲ್ಪ ಹದ ಮಾಡಬೇಕು. ಇದು ಸೆಕೆಂಡಿಗೆ 8 ಮೆಗಾಬಿಟ್ ಕಳಿಸುವಂತೆ ಬರುತ್ತದೆ. ಅದನ್ನು 2ಕ್ಕೆ ಇಳಿಸಿ, ಪರದೆ ಅಳತೆ 800 ಪಿಕ್ಸೆಲ್‌ಗೆ ತಂದರೆ ನಮ್ಮ ಮಳೆಗಾಲದ ಇಂಟರ್‌ನೆಟ್ಟಿನಲ್ಲೂ ಓಡುತ್ತದೆ.

ಹೊರಗಿನಿಂದ ಮನೆಯ ಫೋನಿಗೆ ತಲುಪುವುದೇ ಇನ್ನೊಂದು ಕಥೆ. ನಮ್ಮ ಇಂಟರ್‌ನೆಟ್ ಸಂಪರ್ಕಕ್ಕೆ ಸ್ವಂತ ಐಪಿ ವಿಳಾಸ, ಅಂದರೆ ಹೊರಗಿನಿಂದ ಹುಡುಕಿ ಬರುವ ನಂಬರು, ಇಲ್ಲ. ಒಂದೇ ವಿಳಾಸವನ್ನು ತುಂಬಾ ಮನೆಗಳಿಗೆ ಹಂಚಿರುತ್ತಾರೆ. ರೂಟರಿನಲ್ಲಿ ಪೋರ್ಟ್ (ಒಳಬರುವ ಬಾಗಿಲು) ತೆರೆದು ಎರಡು ದಿನ ತಲೆ ಕೆಡಿಸಿಕೊಂಡೆ, ಆಮೇಲೆ ಗೊತ್ತಾಯಿತು. ಕೊನೆಗೆ ಟೇಲ್‌ಸ್ಕೇಲ್ ಹಾಕಿದೆ. ವೈರ್‌ಗಾರ್ಡ್ ಎಂಬ ತಂತ್ರದ ಮೇಲೆ ನಿಂತ ಖಾಸಗಿ ಜಾಲ ಅದು. ನಾಲ್ವರ ಲ್ಯಾಪ್‌ಟಾಪ್, ಉಪ್ಪರಿಗೆಯ ಹಳೇ ಲ್ಯಾಪ್‌ಟಾಪ್, ಎಲ್ಲ ಒಂದೇ ಕೋಣೆಯಲ್ಲಿ ಕೂತ ಹಾಗೆ ಆಯಿತು.

ಆದರೆ ಸ್ಕ್ರೀನ್ ಕಾಪಿಗೆ ಸರದಿ ಎಂಬುದು ಗೊತ್ತಿಲ್ಲ. ಇಬ್ಬರು ಒಂದೇ ಫೋನಿಗೆ ಕೈ ಹಾಕಿದರೆ ತಡೆಯುವವರಿಲ್ಲ. ಒಂದು ಮಧ್ಯಾಹ್ನ ಮಂಗಳೂರಿನವಳು ತೂಕ ಟೈಪ್ ಮಾಡುತ್ತಾಳೆ, ಬೆಂಗಳೂರಿನವನು ಬ್ಯಾಕ್ ಒತ್ತುತ್ತಾನೆ. ಅವಳು ಮತ್ತೆ ಟೈಪ್, ಇವನು ಮತ್ತೆ ಬ್ಯಾಕ್. ಇಬ್ಬರೂ ಆ್ಯಪಿನಲ್ಲಿ ದೋಷ ಸಿಕ್ಕಿತು ಅಂತ ಬರೆದಿಟ್ಟರು. ಅರ್ಧ ದಿನ ನಾನು ಇಲ್ಲದ ದೋಷ ಹುಡುಕಿದೆ.

ಇನ್ನೆರಡು ಕಿರಿಕಿರಿ. ವೈಫೈ ಮೂಲಕ ಜೋಡಿಸಲು 5555 ಪೋರ್ಟ್ ತೆರೆದಿಟ್ಟಿರುತ್ತೇವಲ್ಲ, ಫೋನು ಒಮ್ಮೆ ಆಫ್ ಆಗಿ ಆನ್ ಆದರೆ ಅದು ಮುಚ್ಚಿಹೋಗುತ್ತದೆ. ಮತ್ತೆ ಯಾರಾದರೂ ಮೆಟ್ಟಿಲು ಹತ್ತಿ ಕೇಬಲ್ ಸಿಕ್ಕಿಸಬೇಕು. ಎರಡನೆಯದು, ಲ್ಯಾಪ್‌ಟಾಪಿನ ಕೀಲಿಮಣೆಯಿಂದ ಕನ್ನಡ ನೇರವಾಗಿ ಹೋಗುವುದಿಲ್ಲ. ಬೇರೆ ಕಡೆ ಬರೆದು ಅಂಟಿಸಬೇಕು, ಇಲ್ಲವೇ ಕೀಲಿಮಣೆ ಫೋನಿಗೇ ಸಿಕ್ಕಿಸಿದ್ದು ಅಂತ ನಂಬಿಸುವ ಆಯ್ಕೆ ಹಾಕಿಕೊಳ್ಳಬೇಕು.

ಮೂರನೆಯದು ಎಸ್‌ಟಿಎಫ್, ಅಂದರೆ ಸ್ಮಾರ್ಟ್‌ಫೋನ್ ಟೆಸ್ಟ್ ಫಾರ್ಮ್. ಬ್ರೌಸರಿನಿಂದಲೇ ಫೋನುಗಳನ್ನು ಸರದಿಯಲ್ಲಿ ಬಳಸಲು ಬಿಡುವ ಸಾಫ್ಟ್‌ವೇರ್. ಜಪಾನಿನ ಸೈಬರ್‌ಏಜೆಂಟ್ ಕಂಪನಿಯೊಳಗೆ ಹುಟ್ಟಿ, ಆಮೇಲೆ ಎಲ್ಲರಿಗೂ ಮುಕ್ತವಾದದ್ದು. ಓಪನ್‌ಎಸ್‌ಟಿಎಫ್ ಎಂಬ ಮೂಲ ಯೋಜನೆಯ ಕೆಲಸ ಈಗ ನಿಂತುಹೋಗಿದೆ, ಡಿವೈಸ್‌ಫಾರ್ಮರ್ ಎಂಬ ಹೆಸರಿನಲ್ಲಿ ಕೆಲಸ ಮುಂದುವರಿದಿದೆ. ನಾನು ಯಾವುದೋ ಹಳೇ ಲೇಖನ ನೋಡಿ ಹಳೇ ಪ್ರತಿಯನ್ನೇ ಹಾಕಿದೆ. ಆಂಡ್ರಾಯ್ಡ್ 14ರ ಫೋನು ಪಟ್ಟಿಯಲ್ಲಿ ಕಾಣುತ್ತದೆ, ಪರದೆ ಮಾತ್ರ ಕಪ್ಪು. ಪರದೆ ಹಿಡಿಯುವ ಮಿನಿಕ್ಯಾಪ್ ಎಂಬ ತುಣುಕು ಆಂಡ್ರಾಯ್ಡಿನ ಒಳಗಿನ ಭಾಗಗಳಿಗೆ ಅಂಟಿಕೊಂಡಿರುತ್ತದೆ. ಆಂಡ್ರಾಯ್ಡ್ ಬದಲಾದ ಹಾಗೆ ಅದೂ ಬದಲಾಗಬೇಕು. ಹೊಸ ಪ್ರತಿ ಹಾಕಿದ ಮೇಲೆ ಕಪ್ಪು ಹೋಯಿತು.

ಹಾಕುವುದು ಸುಲಭ ಅಂತ ಹೇಳಲಾರೆ. ನೋಡ್, ಝೀರೋಎಂಕ್ಯೂ, ರೀಥಿಂಕ್‌ಡಿಬಿ ಎಂಬ ಬೇರೆ ಸಾಫ್ಟ್‌ವೇರುಗಳೆಲ್ಲ ಬೇಕು. ಇವನ್ನೆಲ್ಲ ಸಿದ್ಧ ಪೊಟ್ಟಣವಾಗಿ ಓಡಿಸುವ ಡಾಕರ್ ಇದ್ದರೆ ಒಂದು ಭಾನುವಾರ ಸಾಕು, ಇಲ್ಲದಿದ್ದರೆ ಎರಡು.

ಆದರೆ ಒಮ್ಮೆ ಎದ್ದು ನಿಂತಿತೋ, ಮತ್ತೆ ಹಿಂದೆ ನೋಡಿಲ್ಲ. ಬ್ರೌಸರ್ ತೆರೆದು 7100 ಪೋರ್ಟಿಗೆ ಹೋದರೆ 11 ಫೋನೂ ಸಾಲಾಗಿ ಕಾಣುತ್ತವೆ. ಯಾವುದು ಖಾಲಿ, ಯಾವುದು ಯಾರ ಕೈಯಲ್ಲಿ, ಬ್ಯಾಟರಿ ಎಷ್ಟು, ಎಲ್ಲ ಅಲ್ಲೇ. ಒಬ್ಬರು ತೆಗೆದುಕೊಂಡರೆ ಇನ್ನೊಬ್ಬರಿಗೆ ಬಾಗಿಲು ಹಾಕಿದ ಹಾಗೆ. ತೆಗೆದುಕೊಂಡು ಮರೆತು ಊಟಕ್ಕೆ ಹೋದರೆ, 15 ನಿಮಿಷ ಸುಮ್ಮನಿದ್ದ ಮೇಲೆ ತಾನೇ ಬಿಡಿಸಿಕೊಳ್ಳುತ್ತದೆ. ನಮ್ಮ ನೋಟುಬುಕ್ಕು ಮಾಡಲಾಗದ್ದನ್ನು ಇದು ಮಾಡಿತು. ಆ್ಯಪಿನ ಎಪಿಕೆ ಫೈಲನ್ನು ಎಳೆದು ಪರದೆ ಮೇಲೆ ಬಿಟ್ಟರೆ ಇನ್‌ಸ್ಟಾಲ್. ಪಕ್ಕದಲ್ಲೇ ಲಾಗ್, ಅಂದರೆ ಫೋನಿನೊಳಗೆ ಏನಾಗುತ್ತಿದೆ ಎಂಬ ದಾಖಲೆ, ಓಡುತ್ತದೆ. ಚೆರುವತ್ತೂರಿನವನಿಗೆ ಕೋಡ್ ಬರುವುದಿಲ್ಲ, ಅವನು ಮಲಯಾಳ ನೋಡಿಕೊಳ್ಳುವವನು. ಅವನಿಗೆ ಸ್ಕ್ರೀನ್ ಕಾಪಿ ಕಲಿಸಲು ಒಂದು ವಾರ ಹಿಡಿದಿತ್ತು. ಇದನ್ನು ಐದು ನಿಮಿಷದಲ್ಲಿ ಹಿಡಿದುಕೊಂಡ.

ವೇಗ ಕಡಿಮೆ, ಒಪ್ಪುತ್ತೇನೆ. ಇಲ್ಲಿ ಬರುವುದು ವಿಡಿಯೋ ಅಲ್ಲ, ಒಂದರ ಹಿಂದೆ ಒಂದು ಜೆಪೆಗ್ ಚಿತ್ರ. ಸೆಕೆಂಡಿಗೆ 30ರಿಂದ 40 ಚಿತ್ರದವರೆಗೆ ಬರಬಹುದು ಅಂತ ಮಾಡಿದವರು ಹೇಳುತ್ತಾರೆ. ನಮ್ಮ ಹಳೇ ಫೋನುಗಳು ಅಷ್ಟು ಓಡುವುದಿಲ್ಲ. ಪಟ್ಟಿಯನ್ನು ಜೋರಾಗಿ ಸರಿಸಿದರೆ ಪರದೆ ಕುಂಟುತ್ತದೆ. ಅದು ಆ್ಯಪಿನ ಕುಂಟೋ ಎಸ್‌ಟಿಎಫ್‌ನ ಕುಂಟೋ ಅಂತ ಅನುಮಾನ ಬಂದಾಗ ನಾನು ಸ್ಕ್ರೀನ್ ಕಾಪಿ ತೆರೆಯುತ್ತೇನೆ. ಚೀಟಿ ಆ್ಯಪಿಗೆ ಇಷ್ಟು ಸಾಕು. ಆಟದ ಆ್ಯಪ್ ಮಾಡುವವರಿಗೆ ಸಾಲದು.

ಎಚ್ಚರಿಕೆ ಒಂದುಂಟು. ಸುಮ್ನೆ ಹಾಕಿದ ಎಸ್‌ಟಿಎಫ್ ಯಾವ ಹೆಸರು, ಯಾವ ಇಮೇಲ್ ಕೊಟ್ಟರೂ ಒಳಗೆ ಬಿಡುತ್ತದೆ. ನಾನು ನಮ್ಮ ಬೆಕ್ಕಿನ ಹೆಸರು ಕೊಟ್ಟು ನೋಡಿದೆ, ಮರ್ಯಾದೆಯಿಂದ ಸ್ವಾಗತಿಸಿತು. ಇದನ್ನು ಬಯಲು ಇಂಟರ್‌ನೆಟ್ಟಿಗೆ ಬಿಟ್ಟರೆ ಫೋನುಗಳನ್ನು ಪೇಟೆಯಲ್ಲಿ ಇಟ್ಟು ಬಂದ ಹಾಗೆ. ಖಾಸಗಿ ಜಾಲದೊಳಗೇ ಇರಬೇಕು. ಒಬ್ಬರು ಬಿಟ್ಟ ಮೇಲೆ ಫೋನು ತೊಳೆದು ಕೊಡಲು ಅದು ಪ್ರಯತ್ನಿಸುತ್ತದೆ, ಆ್ಯಪ್ ತೆಗೆಯುತ್ತದೆ, ಖಾತೆ ಅಳಿಸುತ್ತದೆ. ಪೂರ್ತಿ ಆಗುತ್ತದೆ ಎಂಬ ಭರವಸೆ ಅವರೇ ಕೊಡುವುದಿಲ್ಲ. ಹಾಗಾಗಿ ಈ ಫೋನುಗಳಲ್ಲಿ ಯಾರ ಸ್ವಂತ ಖಾತೆಯೂ ಇಲ್ಲ, ಬ್ಯಾಂಕಿನ ಆ್ಯಪಂತೂ ಇಲ್ಲವೇ ಇಲ್ಲ.

ಯಾವ ಸಾಫ್ಟ್‌ವೇರ್ ಹಾಕಿದರೂ ನಿಜವಾದ ತಲೆನೋವು ವೈರು ಮತ್ತು ಬ್ಯಾಟರಿ. ಯುಎಸ್‌ಬಿ ಲೆಕ್ಕದಲ್ಲಿ ಒಂದು ಕಂಪ್ಯೂಟರಿನ ಒಂದು ಸಾಲಿಗೆ 127 ಸಾಧನ ಹಿಡಿಯುತ್ತದಂತೆ. ನಮ್ಮ ಹಳೇ ಲ್ಯಾಪ್‌ಟಾಪ್ ಎಂಟನೆಯದಕ್ಕೇ ಸುಸ್ತಾಯಿತು. ಯುಎಸ್‌ಬಿ 2ರಲ್ಲಿ ಒಂದು ಫೋನಿಗೆ 500 ಮಿಲಿಆಂಪಿಯರ್ ಅಂದರೂ 11ಕ್ಕೆ ಐದೂವರೆ ಆಂಪಿಯರ್ ಬೇಕು. ಸ್ವಂತ ಅಡಾಪ್ಟರ್ ಇರುವ ಹಬ್ ತಂದ ಮೇಲೆ ಫೋನುಗಳು ಪಟ್ಟಿಯಿಂದ ಮಾಯವಾಗುವುದು ನಿಂತಿತು. ಕೇಬಲ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ನಮ್ಮಲ್ಲಿ ‘ಫೋನು ಹಾಳಾಯಿತು’ ಅಂದದ್ದರಲ್ಲಿ ಜಾಸ್ತಿ ಪಾಲು ಕೇಬಲ್ಲೇ ಹಾಳಾದದ್ದು.

ಬ್ಯಾಟರಿ ಇನ್ನೂ ಗಂಭೀರ. ಹಗಲೂ ರಾತ್ರಿ ಚಾರ್ಜಿಗೆ ಸಿಕ್ಕಿಸಿಟ್ಟಿದ್ದೆವು. ಏಪ್ರಿಲ್ ತಿಂಗಳ ಸೆಕೆ ಬೇರೆ. ಒಂದು ದಿನ ಧೂಳು ಒರೆಸಲು ಒಂದು ಫೋನು ತೆಗೆದು ಮೇಜಿನ ಮೇಲಿಟ್ಟೆ. ಬೆರಳು ತಾಗಿದ್ದೇ ತಡ, ಅದು ಬುಗುರಿಯ ಹಾಗೆ ತಿರುಗಿತು. ಹಿಂಬದಿ ಉಬ್ಬಿಕೊಂಡು ನಡುವಿನಲ್ಲಿ ನಿಂತಿತ್ತು. ಒತ್ತಿ ನೋಡಲು ಹೋಗಬಾರದು. ಆಫ್ ಮಾಡಿ ಅಂಗಳದ ಮೂಲೆಯ ಮರಳಿನ ಬಕೆಟಿಗೆ ಹಾಕಿ, ಮರುದಿನ ಮೊಬೈಲ್ ಅಂಗಡಿಗೆ ಕೊಟ್ಟೆ. ಈಗ ಟೈಮರ್ ಉಂಟು. ರಾತ್ರಿ 10ಕ್ಕೆ ಕರೆಂಟು ಕಡಿಯುತ್ತದೆ, ಬೆಳಿಗ್ಗೆ 8ಕ್ಕೆ ಕೊಡುತ್ತದೆ. ಹೊಸ ಫೋನುಗಳಲ್ಲಿ 80 ಶೇಕಡಾಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇದ್ದರೆ ಅದನ್ನೂ ಹಾಕಿದ್ದೇವೆ.

ನಾಲ್ಕನೆಯದು ಕ್ಲೌಡ್, ಅಂದರೆ ಬೇರೆಯವರ ಫೋನು ಬಾಡಿಗೆಗೆ. ಇದರಲ್ಲಿ ಉಬ್ಬುವ ಬ್ಯಾಟರಿ ನಮ್ಮದಲ್ಲ, ಅದೇ ದೊಡ್ಡ ನೆಮ್ಮದಿ. ಐಫೋನು ಬೇಕಾದರೆ ನಮ್ಮಂಥವರಿಗೆ ಇದೇ ದಾರಿ. ಗೂಗಲ್‌ನ ಫೈರ್‌ಬೇಸ್ ಟೆಸ್ಟ್ ಲ್ಯಾಬಿನ ಉಚಿತ ಯೋಜನೆಯಲ್ಲಿ ನಾನು ಬಳಸುವಾಗ ದಿನಕ್ಕೆ ನಿಜವಾದ ಫೋನಿನಲ್ಲಿ 5 ಪರೀಕ್ಷೆ ಸಿಗುತ್ತಿತ್ತು. ಅದರ ರೋಬೋ ಟೆಸ್ಟ್ ನನಗೆ ತುಂಬಾ ಇಷ್ಟ. ಸಣ್ಣ ಮಗುವಿನ ಕೈಗೆ ಫೋನು ಕೊಟ್ಟ ಹಾಗೆ, ಸಿಕ್ಕಿದ ಬಟನ್ ಎಲ್ಲ ಒತ್ತಿ, ವಿಡಿಯೋ ಸಮೇತ ವರದಿ ಕೊಡುತ್ತದೆ. ತೂಕ ಬರೆಯದೆ ‘ಚೀಟಿ’ ಒತ್ತಿದರೆ ಆ್ಯಪ್ ಬೀಳುತ್ತದೆ ಎಂದು ಕಂಡುಹಿಡಿದದ್ದು ಅದೇ. ನಾವು ನಾಲ್ವರೂ ಬುದ್ಧಿವಂತರಾದ್ದರಿಂದ ತೂಕ ಬರೆದೇ ಒತ್ತುತ್ತಿದ್ದೆವು.

ಕೈಯಾರೆ ಬಳಸುವ ಬಾಡಿಗೆ ಫೋನಿನ ಲೆಕ್ಕ ಬೇರೆ. ಅಮೆಜಾನಿನ ಎಡಬ್ಲ್ಯೂಎಸ್ ಡಿವೈಸ್ ಫಾರ್ಮಿನಲ್ಲಿ ಮೊದಲ 1000 ನಿಮಿಷ ಉಚಿತ, ಆಮೇಲೆ ನಾನು ನೋಡಿದಾಗ ನಿಮಿಷಕ್ಕೆ 0.17 ಡಾಲರ್. ಗಂಟೆಗೆ 10 ಡಾಲರ್ ಚಿಲ್ಲರೆ. ತಿಂಗಳಿಗೆ 40 ಗಂಟೆ ಅಂದರೆ 400 ಡಾಲರ್ ದಾಟಿತು. ಆ ದುಡ್ಡಿಗೆ ನಮ್ಮ ತಟ್ಟೆ ಸ್ಟ್ಯಾಂಡು ತುಂಬುವಷ್ಟು ಹಳೇ ಫೋನು ಬರುತ್ತದೆ. ಹೆಸರು ಹೇಳುವುದಿಲ್ಲ, ಇನ್ನೊಂದು ಸೇವೆಗೆ ಒಂದು ತಿಂಗಳು ಹಣ ಕಟ್ಟಿದ್ದೆವು. ಸಂಜೆ ಹೊತ್ತು ಬೇಕಾದ ಫೋನು ಸಿಗುತ್ತಿರಲಿಲ್ಲ, ಸಿಕ್ಕಿದರೆ ಬೆರಳಿಟ್ಟು ಕಾಯಬೇಕು. ಮತ್ತೆ ಕಟ್ಟಲಿಲ್ಲ.

ನಮಗೆ ಕ್ಲೌಡ್ ಕೈಕೊಟ್ಟದ್ದು ಮುಖ್ಯವಾಗಿ ಸಿಮ್ ವಿಷಯದಲ್ಲಿ. ಆ್ಯಪಿಗೆ ಒಟಿಪಿ ಬರಬೇಕು. ನಾವು ನೋಡಿದ ಬಾಡಿಗೆ ಫೋನುಗಳಲ್ಲಿ ನಮ್ಮ ಸಿಮ್ ಎಲ್ಲಿ ಹಾಕುವುದು? ಉಪ್ಪರಿಗೆಯ ಮೂರು ಫೋನಿಗೆ ಸಿಮ್ ಉಂಟು, ಎಸ್‌ಟಿಎಫ್‌ನಲ್ಲಿ ಒಟಿಪಿ ಬಂದದ್ದು ಬೆಂಗಳೂರಿಗೂ ಕಾಣುತ್ತದೆ. ಕೇರಳ ಒಂದು ಟೆಲಿಕಾಂ ವಲಯ, ಕರ್ನಾಟಕ ಇನ್ನೊಂದು. ತಲಪಾಡಿ ದಾಟುವಾಗ ಫೋನು ಒಂದು ಜಾಲ ಬಿಟ್ಟು ಇನ್ನೊಂದು ಹಿಡಿಯುತ್ತದೆ, ಆ ನಡುವೆ ಕಳಿಸಿದ ಚೀಟಿ ಎರಡೆರಡು ಸಲ ದಾಖಲಾಗುತ್ತಿತ್ತು. ಇದನ್ನು ಯಾವ ಕ್ಲೌಡಿನಲ್ಲೂ, ಎಸ್‌ಟಿಎಫ್‌ನಲ್ಲೂ ಹಿಡಿಯಲು ಆಗಲಿಲ್ಲ. ಮಂಗಳೂರಿನವಳು ಫೋನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಆಚೆ ಈಚೆ ಹೋಗಿ ಹಿಡಿದಳು.

ಹಾಗಾಗಿ ನಮ್ಮಲ್ಲಿ ಈಗ ದಿನದ ಕೆಲಸಕ್ಕೆ ಎಸ್‌ಟಿಎಫ್, ಅನುಮಾನ ಬಂದಾಗ ಸ್ಕ್ರೀನ್ ಕಾಪಿ, ಹೊಸ ಆವೃತ್ತಿ ಬಿಡುವ ಹಿಂದಿನ ರಾತ್ರಿ ರೋಬೋ ಟೆಸ್ಟ್. ಒಂದು ಫೋನು ಈಗಲೂ ಆಗಾಗ ಬಸ್ಸು ಹತ್ತುತ್ತದೆ, ನೋಟುಬುಕ್ಕೂ ಸ್ಟ್ಯಾಂಡಿನ ಪಕ್ಕದಲ್ಲೇ ತೂಗುತ್ತಿದೆ.

ತುಲಾ ತಿಂಗಳ ಸಿಡಿಲಿಗೆ ಮಾತ್ರ ಯಾವ ಸಾಫ್ಟ್‌ವೇರೂ ಇಲ್ಲ. ಮಧ್ಯಾಹ್ನ ಮೂರಕ್ಕೆ ಮೋಡ ಕಪ್ಪಾದರೆ ನಾನು ಕಾಸರಗೋಡು ಪೇಟೆಯಲ್ಲಿ ಇರುತ್ತೇನೆ. ಅಮ್ಮ ಫೋನ್ ಮಾಡುತ್ತಾರೆ: ‘ಗುಡುಗು ಶುರುವಾಯಿತು ಮಗಾ, ನಿನ್ನ ಮೊಬೈಲಿನ ಪ್ಲಗ್ಗು ತೆಗೆಯಲಾ?’ ತೆಗೆಯಿರಿ ಅನ್ನುತ್ತೇನೆ. ಮರುನಿಮಿಷ ಬೆಂಗಳೂರಿನವನ ಸಂದೇಶ ಬರುತ್ತದೆ, 11 ಫೋನೂ ಮಾಯ, ಏನಾಯ್ತು ಗುರು ಅಂತ. ಮೊನ್ನೆ ನೋಟುಬುಕ್ಕು ತೆರೆದು ನೋಡಿದೆ. ಕಳೆದ ಎರಡು ಪುಟ ಪೂರ್ತಿ ಅಮ್ಮನ ಅಕ್ಷರ. ‘3.10, ಸಿಡಿಲು, ತೆಗೆದದ್ದು. 5.25, ಹಾಕಿದ್ದು.’ ಒಂದು ಸಾಲೂ ಅರ್ಧಕ್ಕೆ ಬಿಟ್ಟಿಲ್ಲ.