ಗ್ಯಾಸ್ ಗೀಸರ್: ಬಚ್ಚಲೊಳಗೋ, ಯುಟಿಲಿಟಿಯಲ್ಲೋ, ಹೊಗೆಕೊಳವೆಯದ್ದೋ, ಇಲ್ಲಾ ಕರೆಂಟಿನದ್ದೇ ಸಾಕೋ?

ಗ್ಯಾಸ್ ಗೀಸರ್ ಕೊಳ್ಳಲು ಹೊರಟವರೆಲ್ಲ ಯಾವ ಕಂಪನಿಯದು ಒಳ್ಳೆಯದು ಎಂದು ಕೇಳುತ್ತಾರೆ. ಎಲ್ಲಿ ನೇತುಹಾಕಬೇಕು ಎಂದು ಕೇಳುವವರು ಕಡಿಮೆ. ನಿಮಿಷಕ್ಕೆ ಆರು ಲೀಟರ್ ಕೊಡುವ ಯಾವ ಗೀಸರ್ ಬಿಚ್ಚಿದರೂ ಒಳಗಿರುವುದು ಹೆಚ್ಚುಕಡಿಮೆ ಒಂದೇ ಸಾಮಾನು: ಸಾಲು ಬರ್ನರ್, ಅದರ ಮೇಲೆ ತಾಮ್ರದ ರೆಕ್ಕೆಗಳಿರುವ ಹೀಟ್ ಎಕ್ಸ್‌ಚೇಂಜರ್, ನೀರು ಹರಿದಾಗ ಉಬ್ಬುವ ರಬ್ಬರ್ ಡಯಾಫ್ರಾಮ್, ಅದು ಒತ್ತುವ ಮೈಕ್ರೋಸ್ವಿಚ್, ಕಿಡಿ ಹಾರಿಸಲು ಡಿ ಸೈಜಿನ ಎರಡು ಬ್ಯಾಟರಿ. ಐಎಸ್ 15558 ಎಂಬ ಐಎಸ್‌ಐ ಗುರುತಿದೆಯೇ ನೋಡಿಕೊಂಡರೆ ಉಳಿದದ್ದು ಬಣ್ಣ ಮತ್ತು ಬೆಲೆಯ ಮಾತು. ಜೀವ ಉಳಿಸುವುದೂ ತೆಗೆಯುವುದೂ ಅದನ್ನು ಹಾಕಿದ ಜಾಗ. ಹಾಗಾಗಿ ಇಲ್ಲಿ ಕಂಪನಿಗಳನ್ನು ಹೋಲಿಸಿಲ್ಲ. ಬಳಸಿ, ಬಿಚ್ಚಿ, ಮತ್ತೆ ಕಟ್ಟಿ ನೋಡಿದ ನಾಲ್ಕು ವ್ಯವಸ್ಥೆಗಳನ್ನು ಪಕ್ಕಪಕ್ಕ ಇಟ್ಟಿದ್ದೇವೆ.

ಬಚ್ಚಲುಮನೆಯ ಒಳಗೆ

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಕ್ರಮ ಇದು. ಪೈಪು ಉಳಿಯುತ್ತದೆ, ಪ್ಲಂಬರ್ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತದೆ, ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು. ಬಳಕೆಯ ಸುಖ ಮಾತ್ರ ನೋಡಿದರೆ ಇದಕ್ಕೇ ಮೊದಲ ಸ್ಥಾನ. ಆದರೂ ಇದನ್ನು ಹಾಕಲೇಬಾರದು. ಯಾಕೆಂದು ಲೆಕ್ಕವೇ ಹೇಳುತ್ತದೆ.

ನಿಮಿಷಕ್ಕೆ ಆರು ಲೀಟರ್ ನೀರನ್ನು 25 ಡಿಗ್ರಿ ಬಿಸಿ ಏರಿಸಲು ಸುಮಾರು 10.5 ಕಿಲೋವ್ಯಾಟ್ ಬೇಕು. ಅಂದರೆ ಪೂರ್ತಿ ಉರಿಯಲ್ಲಿ ಗಂಟೆಗೆ ಒಂದು ಕಿಲೋಗೆ ಹತ್ತಿರ ಎಲ್‌ಪಿಜಿ. ಒಂದು ಕಿಲೋ ಎಲ್‌ಪಿಜಿ ಸುಡಲು 12ರಿಂದ 13 ಘನ ಮೀಟರ್ ಗಾಳಿ ಬೇಕು. ಹದಿನೈದು ನಿಮಿಷದ ಸ್ನಾನಕ್ಕೆ ಮೂರು ಘನ ಮೀಟರ್ ಆಯಿತು. ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಬಚ್ಚಲಿನಲ್ಲಿ ಇರುವ ಗಾಳಿಯೇ ಎಂಟು ಘನ ಮೀಟರ್. ಚಳಿಗೆ ಕಿಟಕಿ ಮುಚ್ಚಿ, ಬಾಗಿಲು ಹಾಕಿ, ಸಂದಿಗೆ ಮ್ಯಾಟ್ ತುರುಕಿದರೆ ಆರನೇ ನಿಮಿಷದ ಹೊತ್ತಿಗೆ ಆಮ್ಲಜನಕ 21ರಿಂದ 18 ಶೇಕಡಕ್ಕೆ ಇಳಿದಿರುತ್ತದೆ. ಅಲ್ಲಿಂದ ಮುಂದೆ ಉರಿ ಅರೆಬರೆ ಸುಡುತ್ತದೆ, ಕಾರ್ಬನ್ ಮಾನಾಕ್ಸೈಡ್ ಏರತೊಡಗುತ್ತದೆ. ಎಷ್ಟೋ ಗೀಸರ್‌ಗಳ ಮೇಲೆ ‘20 ನಿಮಿಷಕ್ಕೆ ತಾನಾಗಿ ಆರುತ್ತದೆ’ ಎಂದು ಬರೆದಿರುತ್ತದೆ. ಆರನೇ ನಿಮಿಷದಲ್ಲಿ ಶುರುವಾಗುವ ಅಪಾಯಕ್ಕೆ ಇಪ್ಪತ್ತನೇ ನಿಮಿಷದ ಕಾವಲು!

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇದು 800 ಪಾಲು, ಅಂದರೆ 800 ಪಿಪಿಎಂ ಇದ್ದರೆ ಮುಕ್ಕಾಲು ಗಂಟೆಯೊಳಗೆ ತಲೆ ಸುತ್ತಿ ವಾಕರಿಕೆ ಬರುತ್ತದೆ. 6400 ಪಿಪಿಎಂ ಇದ್ದರೆ ಒಂದೆರಡು ನಿಮಿಷಕ್ಕೇ ತಲೆನೋವು, ಕಾಲು ಗಂಟೆಯೊಳಗೆ ಸಾವು. ಹಳೆಯ ಬಚ್ಚಲ ಒಲೆಯ ಹೊಗೆ ಕಣ್ಣು ಉರಿಸಿ, ಕೆಮ್ಮು ಬರಿಸಿ ಹೊರಗೆ ಓಡಿಸುತ್ತಿತ್ತು. ಹಂಚಿನ ಸಂದಿಯಿಂದ ಹೊರಗೂ ಹೋಗುತ್ತಿತ್ತು. ಇದು ಹಾಗಲ್ಲ, ಮೊದಲು ಕಾಲಿನ ಬಲ ಕಸಿಯುತ್ತದೆ. ಅಪಾಯ ಗೊತ್ತಾಗುವ ಹೊತ್ತಿಗೆ ಚಿಲಕ ತೆಗೆಯಲು ಕೈ ಏಳುವುದಿಲ್ಲ. ಮನೆಮಂದಿ ಒಬ್ಬರ ಹಿಂದೊಬ್ಬರು ಸ್ನಾನ ಮಾಡಿದರೆ ಕೊನೆಯವರಿಗೆ ಅಪಾಯ ಹೆಚ್ಚು, ಏಕೆಂದರೆ ಹಿಂದಿನವರ ಸ್ನಾನದ ಗಾಳಿ ಒಳಗೇ ಇರುತ್ತದೆ.

ಯುಟಿಲಿಟಿಯ ತೆರೆದ ಗೋಡೆಯ ಮೇಲೆ

ನಮ್ಮ ಆಯ್ಕೆ ಇದೇ, ಅಡುಗೆಮನೆಯ ಆಚೆ ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಜಾಗ. ಎದುರಾಗುವ ಆಕ್ಷೇಪ ಒಂದೇ: ‘ಬಿಸಿನೀರು ಬರಲು ಕಾಯಬೇಕು, ನೀರು ದಂಡ.’ ಬಿಸಿನೀರು ತಡೆಯುವ ಅರ್ಧ ಇಂಚಿನ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹತ್ತು ಮೀಟರ್ ಎಳೆದರೆ ಅದರಲ್ಲಿ ನಿಲ್ಲುವ ನೀರು ಸುಮಾರು 1.2 ಲೀಟರ್, ಎರಡು ಚೊಂಬಿನಷ್ಟು. ನಿಮಿಷಕ್ಕೆ ಆರು ಲೀಟರ್ ಹರಿದರೆ ಹನ್ನೆರಡು ಸೆಕೆಂಡು. ಪೈಪು ಬಿಸಿಯಾಗುವುದನ್ನೂ ಸೇರಿಸಿ ಇಪ್ಪತ್ತು ಅನ್ನಿ. ಅದರಾಚೆ ಇನ್ನೇನೂ ತೊಂದರೆಯಿಲ್ಲ.

ತೆರೆದ ಜಾಗ ಎಂದರೆ ಒಂದು ಬದಿಯಾದರೂ ಆಕಾಶಕ್ಕೆ ಬಿಟ್ಟಿರಬೇಕು, ಗ್ರಿಲ್ ಇದ್ದರೆ ಪರವಾಗಿಲ್ಲ. ಮಳೆ ಹೊಡೆಯುತ್ತದೆ ಎಂದು ಗಾಜು ಸರಿಸಿ ಮುಚ್ಚಿದರೆ ಅದು ಇನ್ನೊಂದು ಬಚ್ಚಲಾಯಿತು ಅಷ್ಟೆ. ಅಪಾರ್ಟ್‌ಮೆಂಟುಗಳಲ್ಲಿ ಬಚ್ಚಲುಗಳ ನಡುವಿನ ಡಕ್ಟ್ ‘ಹೊರಗೆ’ ಎಂದುಕೊಳ್ಳಬೇಡಿ. ಅಲ್ಲಿ ಉರಿಸಿದ ಗಾಳಿ ಬಿಸಿಯಾಗಿ ಮೇಲೇರಿ ಮೇಲಿನ ಮನೆಯ ವೆಂಟಿಲೇಟರ್ ಹೊಗುತ್ತದೆ. ಹೆಚ್ಚಿನವರು ತಪ್ಪುವುದು ಇನ್ನೊಂದು ಕಡೆ. ಯುಟಿಲಿಟಿಯ ಗೋಡೆಯಲ್ಲೇ ಬಚ್ಚಲಿನ ಕಿಟಕಿ ಇದ್ದು, ಬಚ್ಚಲಿನಲ್ಲಿ ಎಕ್ಸಾಸ್ಟ್ ಫ್ಯಾನ್ ಓಡುತ್ತಿದ್ದರೆ, ಫ್ಯಾನ್ ಹೊರಗೆ ತಳ್ಳಿದಷ್ಟು ಗಾಳಿಯನ್ನು ಬಚ್ಚಲು ಆ ಕಿಟಕಿಯಿಂದಲೇ ಒಳಗೆ ಎಳೆದುಕೊಳ್ಳುತ್ತದೆ, ಗೀಸರಿನ ಹೊಗೆಯ ಸಮೇತ. ಆ ಕಿಟಕಿಯಿಂದ ಒಂದೂವರೆ ಮೀಟರ್ ಆಚೆಗೆ ಗೀಸರ್ ಇಡಿ. ಆಗದಿದ್ದರೆ ಆ ಕಿಟಕಿಯನ್ನು ಗಟ್ಟಿ ಗಾಜು ಹಾಕಿ ಮುಚ್ಚಿ ಬೇರೆ ಕಡೆ ವೆಂಟಿಲೇಟರ್ ಕೊಡಿ.

ಕೂರಿಸುವ ಕ್ರಮ ಹೀಗೆ. ಉರಿ ಕಾಣುವ ಕಿಂಡಿ ಕಣ್ಣಿನ ಮಟ್ಟಕ್ಕೆ ಬರಬೇಕು, ನೆಲದಿಂದ ಸುಮಾರು 1.5 ಮೀಟರ್. ಪಕ್ಕದಲ್ಲಿ 15 ಸೆಂಟಿಮೀಟರ್, ಮೇಲೆ ಕನಿಷ್ಠ 30 ಸೆಂಟಿಮೀಟರ್ ಬರಿದು ಬಿಡಿ. ಮೇಲೆ ಪ್ಲಾಸ್ಟಿಕ್ ಶೀಟು, ಬಟ್ಟೆ ಒಣಗಿಸುವ ತಂತಿ, ಕರೆಂಟಿನ ವೈರು ಇರಬಾರದು. ಇಟ್ಟಿಗೆ ಗೋಡೆಗೆ ರಾಲ್ ಪ್ಲಗ್ ಮತ್ತು ಸ್ಕ್ರೂ ಸಾಕು; ಟೊಳ್ಳು ಬ್ಲಾಕ್ ಗೋಡೆಯಾದರೆ ಟೊಳ್ಳು ಗೋಡೆಗೆಂದೇ ಇರುವ ಆಂಕರ್ ಹಾಕಿಸಿ. ನೀರು ಒಳಬರುವ ಕಡೆ ಆಂಗಲ್ ಕಾಕ್, ಅದರ ನಂತರ ಗೀಸರಿನ ಜೊತೆ ಬಂದ ಜಾಲರಿ ಫಿಲ್ಟರ್. ಹೊರಹೋಗುವ ಕಡೆ ಮೊದಲ ಒಂದಡಿ ಲೋಹದ ಹೆಣೆದ ಪೈಪು, ಆಮೇಲೆ ಸಿಪಿವಿಸಿ. ಬಿಳಿ ಪಿವಿಸಿ ಬೇಡ, ಬಿಸಿಗೆ ಸೊಟ್ಟಗಾಗಿ ಜಾಯಿಂಟು ಬಿಡುತ್ತದೆ. ಎಡ-ಬಲ ಯಾವುದು ತಣ್ಣೀರು ಎಂದು ಊಹೆಯಿಂದ ಜೋಡಿಸದೆ ಡಬ್ಬಿಯ ಕೆಳಗಿನ ಬಾಣದ ಗುರುತು ನೋಡಿ. ತಿರುವುಮುರುವಾದರೆ ಡಯಾಫ್ರಾಮ್ ಉಬ್ಬುವುದಿಲ್ಲ, ಕಿಡಿಯೇ ಹಾರುವುದಿಲ್ಲ.

ಗ್ಯಾಸ್ ಕಡೆಗೆ ಒಳಗೆ ತಂತಿ ಹೆಣೆದ ಕಿತ್ತಳೆ ಬಣ್ಣದ ಸುರಕ್ಷಾ ಹೋಸ್ ಮಾತ್ರ, ಒಂದೂವರೆ ಮೀಟರಿಗಿಂತ ಉದ್ದ ಬೇಡ, ಎರಡು ತುದಿಗೂ ಕ್ಲಾಂಪ್. ಅದರ ಮೇಲೆ ಅಚ್ಚಾಗಿರುವ ವರ್ಷ ನೋಡಿ ಐದು ವರ್ಷಕ್ಕೆ ಬದಲಿಸಿ. ಹೋಸ್ ಗೋಡೆಯೊಳಗೆ ತೂರಬಾರದು. ಸಿಲಿಂಡರ್ ಅಡುಗೆಮನೆಯಲ್ಲಿದ್ದು ಗೀಸರ್ ಆಚೆಗಿದ್ದರೆ ಗೋಡೆ ದಾಟುವಷ್ಟಕ್ಕೆ ತಾಮ್ರ ಅಥವಾ ಜಿಐ ಪೈಪು ಹಾಕಿಸಿ, ಗೀಸರಿನ ಹತ್ತಿರ ಪ್ರತ್ಯೇಕ ಗ್ಯಾಸ್ ಕಾಕ್ ಕೊಡಿಸಿ. ಒಂದೇ ರೆಗ್ಯುಲೇಟರಿಗೆ ರಬ್ಬರ್ ಹೋಸಿನ ನಡುವೆ ಕವಲೊಡೆಯುವ ಟೀ ಜಾಯಿಂಟು ಹಾಕಿ ಒಲೆ, ಗೀಸರ್ ಎರಡಕ್ಕೂ ಕೊಡುವ ಜುಗಾಡ್ ಬೇಡವೇ ಬೇಡ. ದೋಸೆ ಹೊಯ್ಯುವಾಗ ಒಲೆಯ ಉರಿ ಕುಗ್ಗುವುದು ಅದರ ಚಿಕ್ಕ ತೊಂದರೆ, ಸೋರುವ ಜಾಯಿಂಟು ಒಂದರ ಬದಲು ಮೂರಾಗುವುದು ದೊಡ್ಡದು. ಎಲ್ಲ ಆದ ಮೇಲೆ ರೆಗ್ಯುಲೇಟರ್ ತೆರೆದು, ಗೀಸರ್ ಹೊತ್ತಿಸದೆ, ಪ್ರತಿ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ ಒಂದು ನಿಮಿಷ ನೋಡಿ. ಗುಳ್ಳೆ ಎದ್ದರೆ ಬಿಗಿ ಮಾಡಿ ಮತ್ತೆ ನೋಡಿ. ಬೆಂಕಿಕಡ್ಡಿ ಗೀರಿ ನೋಡುವ ಮೆಕ್ಯಾನಿಕ್ ಬಂದರೆ ವಾಪಸು ಕಳಿಸಿ.

ಪೈಪ್ ಗ್ಯಾಸ್ (ಪಿಎನ್‌ಜಿ) ಬಂದಿರುವ ಬಡಾವಣೆಗಳಿಗೆ ಒಂದು ಮಾತು. ಎಲ್‌ಪಿಜಿ ಒತ್ತಡ 30 ಮಿಲಿಬಾರ್ ಸುಮಾರು, ಪಿಎನ್‌ಜಿಯದು 21. ಎರಡಕ್ಕೂ ಬರ್ನರಿಗೆ ಗ್ಯಾಸ್ ಚಿಮ್ಮಿಸುವ ಜೆಟ್‌ನ ತೂತು ಬೇರೆ. ಎಲ್‌ಪಿಜಿ ಗೀಸರಿಗೆ ಪಿಎನ್‌ಜಿ ಕೊಟ್ಟರೆ ಉರಿ ಸೊರಗುತ್ತದೆ. ಪಿಎನ್‌ಜಿಯದಕ್ಕೆ ಸಿಲಿಂಡರ್ ಜೋಡಿಸಿದರೆ ಹಳದಿ ನಾಲಿಗೆ ಎದ್ದು ಮಸಿ ಕಟ್ಟುತ್ತದೆ.

ಹೊಗೆಕೊಳವೆಯ ಗೀಸರ್

ಎಂಟು-ಹತ್ತು ಲೀಟರಿನ ಮಾದರಿಗಳಲ್ಲಿ ನೆತ್ತಿಯ ಮೇಲೆ ಕೊಳವೆ ಕೂರಿಸುವ ಬಾಯಿ ಇರುತ್ತದೆ. ಕೊಳವೆ ಇದೆ ಎಂದ ಮಾತ್ರಕ್ಕೆ ಬಚ್ಚಲೊಳಗೆ ಇಡಬಹುದು ಎಂದಲ್ಲ. ಹೊಗೆ ಹೊರಹೋದರೂ ಉರಿಗೆ ಬೇಕಾದ ಗಾಳಿಯನ್ನು ಅದು ಕೋಣೆಯಿಂದಲೇ ಎಳೆದುಕೊಳ್ಳುತ್ತದೆ. ಬಿಸಿಗಾಳಿ ತಾನಾಗಿ ಏರುವುದನ್ನೇ ನಂಬಿದ ಕೊಳವೆಗೆ ಮೊದಲು ಒಂದಡಿಯಾದರೂ ನೇರ ಏರು ಬೇಕು, ಆಮೇಲೆ ಒಂದೇ ಬಾಗು, ಅಡ್ಡ ಭಾಗ ಹೊರಕ್ಕೆ ಸ್ವಲ್ಪ ಇಳಿಜಾರು. ಇಲ್ಲದಿದ್ದರೆ ಮಳೆನೀರೂ ಆವಿಯ ಹನಿಯೂ ಹಿಂದಕ್ಕೆ ಇಳಿದು ಬರ್ನರ್ ತುಕ್ಕು ಹಿಡಿಯುತ್ತದೆ. ಅದೇ ಕೋಣೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಕೊಳವೆ ಉಲ್ಟಾ ಕೆಲಸ ಮಾಡುತ್ತದೆ: ಫ್ಯಾನ್ ಎಳೆತಕ್ಕೆ ಹೊರಗಿನ ಗಾಳಿ ಕೊಳವೆಯಿಂದಲೇ ಇಳಿದು ಹೊಗೆಯನ್ನು ಕೋಣೆಗೆ ಸುರಿಯುತ್ತದೆ. ಗಾಳಿಗೆಂದು ಹಾಕಿಸಿದ ಫ್ಯಾನೇ ಕೊಲ್ಲುವುದು ಹೀಗೆ. ಗೀಸರಿನೊಳಗೇ ಫ್ಯಾನ್ ಇರುವ ಮಾದರಿಗೆ ಈ ಕಾಟ ಕಡಿಮೆ, ಕರೆಂಟ್ ಹೋದರೆ ಮಾತ್ರ ಅದೂ ನಿಲ್ಲುತ್ತದೆ. ಹೊರಗಿನ ಗಾಳಿಯನ್ನೇ ಎಳೆದು ಹೊರಗೇ ಬಿಡುವ, ಪೂರ್ತಿ ಮುಚ್ಚಿದ ಜೋಡಿ ಕೊಳವೆಯ ಮಾದರಿ ಇದ್ದುದರಲ್ಲಿ ಸುರಕ್ಷಿತ, ಬೆಲೆಯೂ ಹಾಗೇ. ಎರಡು ಬಚ್ಚಲು, ಆರು ಮಂದಿಯ ಮನೆಗೆ ಹತ್ತು ಲೀಟರಿನದು ಅರ್ಥವುಳ್ಳದ್ದು. ಮೂವರ ಮನೆಗೆ ವ್ಯರ್ಥ.

ಕರೆಂಟಿನ ಗೀಸರ್

ಹೊರಗೋಡೆ ಇಲ್ಲದ ಮನೆಗೆ ಚರ್ಚೆಯೇ ಬೇಡ, ಇದೇ. ಇಪ್ಪತ್ತು ಲೀಟರಿನ ಬಕೆಟ್ಟನ್ನು 25ರಿಂದ 42 ಡಿಗ್ರಿಗೆ ತರಲು ಗ್ಯಾಸ್ ಗೀಸರಿಗೆ ಮೂರು ನಿಮಿಷ ಇಪ್ಪತ್ತು ಸೆಕೆಂಡು, ಮೂರು ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರಿಗೆ ಎಂಟು ನಿಮಿಷ. 15 ಲೀಟರಿನ ಟ್ಯಾಂಕ್ ಗೀಸರ್ 2 ಕಿಲೋವ್ಯಾಟಿನಲ್ಲಿ 60 ಡಿಗ್ರಿ ಮುಟ್ಟಲು ಹದಿನೆಂಟು ನಿಮಿಷ ತೆಗೆದುಕೊಳ್ಳುತ್ತದೆ. ತಣ್ಣೀರು ಬೆರೆಸಿದರೆ ಅದರಿಂದ ಒಂದೂವರೆ ಬಕೆಟ್ ಸಿಗುತ್ತದೆ, ಮುಂದಿನವರು ಕಾಯಬೇಕು. ಖರ್ಚಿನಲ್ಲಿ ಬಕೆಟ್ಟಿಗೆ 37ರಿಂದ 40 ಗ್ರಾಂ ಗ್ಯಾಸ್, ಅಂದರೆ 14.2 ಕಿಲೋ ಸಿಲಿಂಡರಿಗೆ ಸುಮಾರು 350 ಬಕೆಟ್. ಕರೆಂಟಿನದಾದರೆ ಬಕೆಟ್ಟಿಗೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಕಡಿಮೆ. ನಾಲ್ವರ ಮನೆಯಲ್ಲಿ ದಿನಕ್ಕೆ ನಾಲ್ಕು ಬಕೆಟ್ ಎಂದರೆ ತಿಂಗಳಿಗೆ ಹತ್ತಿರಹತ್ತಿರ 60 ಯೂನಿಟ್. 2023ರಲ್ಲಿ 200 ಯೂನಿಟ್‌ವರೆಗಿನ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಕರ್ನಾಟಕದಲ್ಲಿ ಈ ಲೆಕ್ಕ ಮನೆಮನೆಗೂ ಬೇರೆ. ಹಳೆಯ ಸರಾಸರಿ ಬಳಕೆಯ ಮೇಲೆ ನಿಮ್ಮ ಮಿತಿ ನಿಂತಿರುವುದರಿಂದ, ಹೊಸ ಗೀಸರಿನ 60 ಯೂನಿಟ್ ನಿಮ್ಮನ್ನು ಮಿತಿಯ ಆಚೆಗೆ, ಕೆಲವೊಮ್ಮೆ 200ರ ಆಚೆಗೂ ತಳ್ಳಬಹುದು. ಮೂರು ಕಿಲೋವ್ಯಾಟಿನದಕ್ಕೆ 4 ಚದರ ಮಿಲಿಮೀಟರ್ ತಾಮ್ರದ ವೈರು, 16 ಆಂಪಿಯರ್ ಪಾಯಿಂಟು, ಸರಿಯಾದ ಅರ್ತಿಂಗ್, ಕರೆಂಟ್ ಸೋರಿದ ಕೂಡಲೇ ತಾನಾಗಿ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಸ್ವಿಚ್ಚು ಬೇಕು. ಇದರಲ್ಲೂ ಸಾವಿದೆ, ಆದರೆ ಆ ಚಿಕ್ಕ ಸ್ವಿಚ್ಚು ಅದನ್ನು ತಡೆಯುತ್ತದೆ.

ಕೆಡುವುದು ಎಲ್ಲಿ

ಗ್ಯಾಸ್ ಗೀಸರ್ ಹೊತ್ತುವುದಿಲ್ಲ ಎಂಬ ದೂರು ಬರುವುದು ಹೆಚ್ಚಾಗಿ ಮೇಲಿನ ಮಹಡಿಯಿಂದ. ಟ್ಯಾಂಕ್ ನೆತ್ತಿಯ ಮೇಲೇ ಇರುತ್ತದೆ. ಗೀಸರಿಗೂ ಟ್ಯಾಂಕಿನ ನೀರಿಗೂ ಎರಡರಿಂದ ಮೂರು ಮೀಟರ್ ಎತ್ತರದ ವ್ಯತ್ಯಾಸ ಇಲ್ಲದಿದ್ದರೆ ಡಯಾಫ್ರಾಮ್ ಕದಲುವುದಿಲ್ಲ. ಚಿಕ್ಕ ಪ್ರೆಷರ್ ಪಂಪ್ ಹಾಕಿ, ಇಲ್ಲವೇ ಟ್ಯಾಂಕಿನ ಕಟ್ಟೆ ಎತ್ತರಿಸಿ. ಮಿಕ್ಸರ್ ನಲ್ಲಿಯಲ್ಲಿ ತಣ್ಣೀರು ಹೆಚ್ಚು ಬೆರೆಸಿದಾಗ ಉರಿ ಆರುವುದೂ ಹರಿವು ಕಡಿಮೆಯಾಗಿಯೇ. ತಣ್ಣೀರು ಬೆರೆಸುವ ಬದಲು ಗೀಸರಿನ ಗ್ಯಾಸ್ ಗುಬ್ಬಿ ಇಳಿಸಿ.

ಬೋರ್‌ವೆಲ್ ನೀರಿನ ಊರುಗಳಲ್ಲಿ ತಾಮ್ರದ ಸುರುಳಿಯೊಳಗೆ ಬಿಳಿ ಸುಣ್ಣ ಕಟ್ಟುತ್ತದೆ. 50 ಡಿಗ್ರಿ ದಾಟಿಸದಿದ್ದರೆ ನಿಧಾನ, ದಾಟಿಸಿದರೆ ಬೇಗ. ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯಿರಿ, ವರ್ಷಕ್ಕೊಮ್ಮೆ ನಿಂಬೆಯುಪ್ಪಿನ ನೀರು ಹರಿಸಿ ಸುರುಳಿಯ ಸುಣ್ಣ ಬಿಡಿಸಿ. ಮಸಿ ಇದಕ್ಕಿಂತ ಕೆಟ್ಟದ್ದು. ನೀಲಿ ಉರಿ ಹಳದಿಯಾದರೆ, ಡಬ್ಬಿಯ ನೆತ್ತಿ ಕಪ್ಪಾದರೆ, ರೆಕ್ಕೆಗಳ ನಡುವೆ ಮಸಿ ತುಂಬಿ ಹೊಗೆಯ ದಾರಿ ಮುಚ್ಚಿದೆ ಎಂದರ್ಥ. ಅಂದೇ ನಿಲ್ಲಿಸಿ ಬಿಚ್ಚಿಸಿ. ತೆರೆದ ಜಾಗದಲ್ಲಿದ್ದರೂ ಸರಿ.

ಅಲಾರಂ ಕೊಳ್ಳುವಾಗ ಒಂದು ಎಚ್ಚರ: ಎಲ್‌ಪಿಜಿ ಸೋರಿಕೆಯ ಅಲಾರಂ ಕಾರ್ಬನ್ ಮಾನಾಕ್ಸೈಡನ್ನು ಹಿಡಿಯುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಅದರದು ನೆಲದ ಹತ್ತಿರ ಇರಬೇಕು. ಪಿಎನ್‌ಜಿ ಹಗುರ, ಅದರದು ಮಾಳಿಗೆಯ ಹತ್ತಿರ. ಮಾನಾಕ್ಸೈಡ್ ಗಾಳಿಯಲ್ಲಿ ಬೆರೆತೇ ಇರುತ್ತದೆ, ಅದರದು ಉಸಿರಾಡುವ ಎತ್ತರಕ್ಕೆ. ಗ್ಯಾಸ್ ಸೋರಿದರೆ 1906ಕ್ಕೆ, ಯಾರಾದರೂ ಬಚ್ಚಲಲ್ಲಿ ಬಿದ್ದರೆ ಬಾಗಿಲು ಮುರಿದು ಮೊದಲು ಹೊರಗಿನ ಗಾಳಿಗೆ ಎಳೆದು ತಂದು ನಂತರ 108ಕ್ಕೆ ಕರೆ ಮಾಡಿ.

ಈಗಾಗಲೇ ಬಚ್ಚಲೊಳಗೆ ಗೀಸರ್ ಇರುವ ಬಾಡಿಗೆ ಮನೆಯಾದರೆ, ಮಾಲೀಕರು ಒಪ್ಪಿ ಪೈಪು ಹೊರಕ್ಕೆ ಎಳೆಸುವವರೆಗೂ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರಿನ ಗ್ಯಾಸ್ ಕಾಕ್ ಮುಚ್ಚಿ, ಐದು ನಿಮಿಷ ಗಾಳಿಯಾಡಲು ಬಿಟ್ಟು ಆಮೇಲೆ ಸ್ನಾನಕ್ಕೆ ಹೋಗಿ. ಮನೆಯಲ್ಲಿ ಮಕ್ಕಳೋ ವಯಸ್ಸಾದವರೋ ಇದ್ದು ಮರೆಯುವ ಭಯವಿದ್ದರೆ, ಬಕೆಟ್ ತುಂಬಿದ ಮೇಲೆ ಆ ಎರಡು ಬ್ಯಾಟರಿಗಳನ್ನೂ ತೆಗೆದು ಹೊರಗಿಡಿ.