ಹಿಮ್ಮಡಿ ನೋವಿಗೆ ಫಿಸಿಯೋಥೆರಪಿ ಮತ್ತು ಮನೆ ಆರೈಕೆ: 14 ತಿಂಗಳ ಅನುಭವ

ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ಗೋಡೆ ಹಿಡಿದು ಹತ್ತು ಹೆಜ್ಜೆ ನಡೆದರೆ ಸ್ವಲ್ಪ ಸಡಿಲ. ಸ್ವಲ್ಪ ಹೊತ್ತು ಕೂತು ಎದ್ದರೆ ಮತ್ತೆ ಅದೇ ನೋವು. ಪ್ಲಾಂಟಾರ್ ಫೇಸಿಯೈಟಿಸ್ (ಅಂಗಾಲಿನ ದಪ್ಪ ಪಟ್ಟಿಯಿಂದ ಬರುವ ಹಿಮ್ಮಡಿ ನೋವು) ಇರುವವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ, ಅಲ್ವಾ?

ನನಗೆ ಬಲಗಾಲಿನಲ್ಲಿ ಇದು ಶುರುವಾಗಿ 14 ತಿಂಗಳಾಯಿತು. ಮೊದಲ ಮೂರು ತಿಂಗಳು ಸುಮ್ನೆ ಕಳೆದೆ. ಎಕ್ಸ್‌ರೇ ತೆಗೆಸಿದಾಗ ‘ಮೂಳೆ ಬೆಳೆದಿದೆ’ ಅಂದರು. ಆ ಮಾತು ಕೇಳಿ ಹೆದರಿ ನಡೆಯುವುದನ್ನೇ ಕಡಿಮೆ ಮಾಡಿದೆ. ನೋವೇನೂ ಇಳಿಯಲಿಲ್ಲ. ಆಮೇಲೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಎಂಟು ವಾರಗಳಲ್ಲಿ ಆರು ಸಲ ಕೈಯಿಂದ ಮಾಡುವ ಚಿಕಿತ್ಸೆ, ಜೊತೆಗೆ ದಿನಾ ಮನೆಯಲ್ಲಿ ವ್ಯಾಯಾಮ.

ಮೊದಲ ದಿನ ಅವರು ನನ್ನ ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಮಡಚಿ, ಹಿಮ್ಮಡಿಯ ಒಳಬದಿಯ ಮುಂದಿನ ಅಂಚಿನಲ್ಲಿ ಒಂದೇ ಒಂದು ಜಾಗ ಒತ್ತಿದರು. ನಾನು ಕಾಲು ಎಳೆದುಕೊಂಡುಬಿಟ್ಟೆ. ಅಂಗಾಲಿನ ದಪ್ಪ ಪಟ್ಟಿ ಹಿಮ್ಮಡಿ ಮೂಳೆಗೆ ಅಂಟಿಕೊಳ್ಳುವ ಜಾಗ ಅದು. ಮೂಳೆ ಬೆಳೆದಿದ್ದರೂ ಒಂದು ಚೂರೂ ನೋವಿಲ್ಲದವರು ಎಷ್ಟೋ ಜನ ಇದ್ದಾರೆ, ಅದಕ್ಕೆ ಹೆದರಬೇಡಿ ಎಂದರು. ಮೂರು ತಿಂಗಳ ಭಯ ಆ ಮಾತಿಗೇ ಅರ್ಧ ಇಳಿಯಿತು.

ಆಮೇಲೆ ಗೋಡೆಯ ಎದುರು ನಿಲ್ಲಿಸಿದರು. ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಬೇಕು. ಎಡಗಾಲಿಗೆ ಸಲೀಸು. ಬಲಗಾಲಿನ ಹಿಮ್ಮಡಿ ಎದ್ದೇ ಬಿಡುತ್ತಿತ್ತು. ನೋವು ಅಂಗಾಲಿನಲ್ಲಿದ್ದರೂ ಬಿಗಿ ಇದ್ದದ್ದು ಮೀನಖಂಡದಲ್ಲಿ. ಹಾಗಾಗಿ ಚಿಕಿತ್ಸೆಯ ಜಾಸ್ತಿ ಹೊತ್ತು ಅಲ್ಲೇ ಹೋಯಿತು. ಹೆಬ್ಬೆರಳಿನಿಂದ ಗಂಟುಗಳನ್ನು ನಿಧಾನಕ್ಕೆ ಒತ್ತಿ ಹಿಡಿಯುವುದು, ಪಾದದ ಕೀಲನ್ನು ಹಿಂದಕ್ಕೆ ಮೆಲ್ಲಗೆ ತಳ್ಳುವುದು, ಕೊನೆಗೆ ಪಾದದ ಕಮಾನು. ನೋವಾಗುತ್ತದೆ, ಆದರೆ ತಡೆದುಕೊಳ್ಳುವಂಥದ್ದು.

ಎದ್ದು ನಿಂತಾಗ ಕಾಲು ಹಗುರ. ಆದರೆ ಆ ಹಗುರ ಎರಡು ದಿನಕ್ಕಿಂತ ಜಾಸ್ತಿ ಉಳಿಯಲಿಲ್ಲ. ಮೂರನೇ ಸಲ ಹೋದಾಗ ಇದನ್ನೇ ಹೇಳಿದೆ. ‘ನಾನು ಸಡಿಲ ಮಾಡಿ ಕಳಿಸ್ತೀನಿ. ಮನೇಲಿ ನೀವು ಎಳೀದೇ ಇದ್ರೆ ಮತ್ತೆ ಬಿಗಿಯಾಗುತ್ತೆ’ ಎಂದರು. ಅಲ್ಲಿಯವರೆಗೆ ಮನೆ ವ್ಯಾಯಾಮವನ್ನು ನೆನಪಾದಾಗ ಮಾತ್ರ ಮಾಡುತ್ತಿದ್ದೆ. ನಿಜವಾದ ಬದಲಾವಣೆ ಶುರುವಾದದ್ದು ಅವತ್ತಿನಿಂದ.

ಮುಖ್ಯವಾದದ್ದು ಎರಡೇ. ಮೊದಲನೆಯದನ್ನು ಹಾಸಿಗೆ ಬಿಡುವ ಮುಂಚೆ ಮಾಡಬೇಕು. ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಂಡು, ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆಯಬೇಕು. ಇನ್ನೊಂದು ಕೈಯ ಹೆಬ್ಬೆರಳನ್ನು ಅಂಗಾಲಿನ ಮೇಲೆ ಇಟ್ಟರೆ ಪಟ್ಟಿ ತಂತಿಯ ಹಾಗೆ ಬಿಗಿಯಾದದ್ದು ಗೊತ್ತಾಗುತ್ತದೆ. ಹಾಗೆ ಬಿಗಿಯಾದರೇ ಸರಿಯಾಗಿ ಮಾಡುತ್ತಿದ್ದೀರಿ ಅಂತ ಲೆಕ್ಕ. 10 ಸೆಕೆಂಡ್ ಹಿಡಿದು ಬಿಡುವುದು, 10 ಸಲ, ದಿನಕ್ಕೆ ಮೂರು ಹೊತ್ತು. ರಾತ್ರಿ ಮಲಗಿದಾಗ ಪಾದ ಕೆಳಗೆ ಬಾಗಿ ಪಟ್ಟಿ ಕುಗ್ಗಿರುತ್ತದೆ. ಎದ್ದ ತಕ್ಷಣ ಮೈಭಾರವೆಲ್ಲ ಅದರ ಮೇಲೆ ಬಿದ್ದರೆ ನೋಯದೆ ಇರುತ್ತದೆಯೇ?

ಎರಡನೆಯದು ಹಿಮ್ಮಡಿ ಎತ್ತುವ ವ್ಯಾಯಾಮ. ಮೆಟ್ಟಿಲಿನ ಅಂಚಿನಲ್ಲಿ ಟವೆಲ್ ಸುರುಳಿ ಸುತ್ತಿಟ್ಟು, ಬೆರಳುಗಳನ್ನು ಅದರ ಮೇಲೆ ಇಟ್ಟು ನಿಲ್ಲಬೇಕು. 3 ಸೆಕೆಂಡ್ ಮೇಲಕ್ಕೆ, 2 ಸೆಕೆಂಡ್ ಹಾಗೇ, 3 ಸೆಕೆಂಡ್ ಕೆಳಕ್ಕೆ. ದಿನ ಬಿಟ್ಟು ದಿನ. ಕೈ ಹಿಡಿಕೆಯ ಮೇಲಿರಲಿ. ಮೊದಲು ಎರಡೂ ಕಾಲಲ್ಲಿ ಮಾಡಿದೆ, ಆಮೇಲೆ ಒಂದೇ ಕಾಲಲ್ಲಿ. ಡೆನ್ಮಾರ್ಕಿನ ಸಂಶೋಧಕರು ಈ ವ್ಯಾಯಾಮವನ್ನು ಬರೀ ಎಳೆಯುವ ವ್ಯಾಯಾಮದ ಜೊತೆ ಹೋಲಿಸಿ ನೋಡಿದ್ದಾರೆ. ಮೂರು ತಿಂಗಳಿಗೆ ಇದನ್ನು ಮಾಡಿದವರೇ ಮುಂದಿದ್ದರು. ವರ್ಷ ಕಳೆಯುವ ಹೊತ್ತಿಗೆ ಎರಡು ಗುಂಪಿಗೂ ಅಂಥ ವ್ಯತ್ಯಾಸ ಉಳಿದಿರಲಿಲ್ಲ. ಬೇಗ ಚೇತರಿಸಿಕೊಳ್ಳಬೇಕಾದವರಿಗೆ ಆ ಮೂರು ತಿಂಗಳೇ ದೊಡ್ಡದು, ನನಗಂತೂ ಆಗಿತ್ತು.

ಬೇರೆ ಮನೆಮದ್ದುಗಳ ಬಗ್ಗೆ. ಐಸ್ ಕಟ್ಟಿದ ನೀರಿನ ಬಾಟಲಿಯನ್ನು ಸಾಕ್ಸ್ ಹಾಕಿಕೊಂಡು ಅಂಗಾಲಿನಡಿ 10 ನಿಮಿಷ ಉರುಳಿಸಿದರೆ ಸಂಜೆಯ ಉರಿ ಇಳಿಯುತ್ತದೆ. ಆ ಹೊತ್ತಿಗೆ ಹಿತ, ಅಷ್ಟೇ. ಉಪ್ಪು ಹಾಕಿದ ಬಿಸಿನೀರಿನಿಂದ ನಿದ್ದೆ ಚೆನ್ನಾಗಿ ಬಂತು, ಹಿಮ್ಮಡಿಗೆ ಏನೂ ಆಗಲಿಲ್ಲ. ಎಣ್ಣೆ ತಿಕ್ಕುವಾಗ ಕೈ ಸಲೀಸಾಗಿ ಜಾರುತ್ತದೆ. ಯಾವ ಎಣ್ಣೆಯಾದರೂ ಸರಿ. ಗಟ್ಟಿ ಚೆಂಡಿನ ವಿಷಯದಲ್ಲಿ ನಾನು ತಪ್ಪು ಮಾಡಿದೆ. ನೋಯುವ ಜಾಗದ ಮೇಲೇ ಇಟ್ಟು ಮೈಭಾರ ಹಾಕಿ ಒತ್ತಿದೆ. ನಾಲ್ಕು ದಿನ ಹಿಮ್ಮಡಿ ಊರಲಾಗಲಿಲ್ಲ. ಚೆಂಡನ್ನು ಕಮಾನಿನ ಕೆಳಗೆ ಮಾತ್ರ ಉರುಳಿಸಿ, ಹಿಮ್ಮಡಿಯನ್ನು ಬಿಟ್ಟುಬಿಡಿ. ಪಾದ ಕೆಳಗೆ ಬಾಗದಂತೆ ರಾತ್ರಿ ಕಟ್ಟಿಕೊಳ್ಳುವ ಸ್ಪ್ಲಿಂಟ್ 11 ರಾತ್ರಿ ಹಾಕಿದೆ, ನಿದ್ದೆ ಬಾರದೆ ಬಿಟ್ಟೆ. ಜಾಸ್ತಿ ಹೊತ್ತು ನಿಲ್ಲಬೇಕಾದ ದಿನ ಪಾದಕ್ಕೆ ಟೇಪ್ ಸುತ್ತಿದ್ದು ಚೆನ್ನಾಗಿ ಕೆಲಸ ಮಾಡಿತು. ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಿದ್ದರಿಂದ ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಜಾಸ್ತಿ ಉಪಯೋಗವಾಯಿತು.

ಸ್ಟೀರಾಯ್ಡ್ ಇಂಜೆಕ್ಷನ್ ಮಾತೂ ಬಂದಿತ್ತು. ಅದರಿಂದ ಕೆಲವು ವಾರ ಆರಾಮ ಸಿಗಬಹುದು. ಆದರೆ ಮತ್ತೆ ಮತ್ತೆ ಹಾಕಿಸಿಕೊಂಡರೆ ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳುವಾಗುವ, ಪಟ್ಟಿ ಹರಿಯುವ ಅಪಾಯ ಇದೆ. ನಾನು ಬೇಡ ಅಂದೆ.

ದಿನಾ ಬೆಳಿಗ್ಗೆ ಮೊದಲ ಹೆಜ್ಜೆಯ ನೋವಿಗೆ ಹತ್ತಕ್ಕೆ ಎಷ್ಟು ಅಂತ ಕ್ಯಾಲೆಂಡರ್ ಮೇಲೆ ಬರೆಯುತ್ತಿದ್ದೆ. ಚಿಕಿತ್ಸೆ ಶುರುವಾದಾಗ 8. ಎರಡು ತಿಂಗಳಿಗೆ 5. ಒಂಬತ್ತನೇ ವಾರ ಹುಷಾರಾದೆ ಅಂದುಕೊಂಡು ಒಂದೇ ದಿನ ಮೈಲುಗಟ್ಟಲೆ ನಡೆದೆ. ಮರುದಿನ ಬೆಳಿಗ್ಗೆ ಮತ್ತೆ 7. ಅತ್ತೇಬಿಟ್ಟೆ. ಹಳೆಯ ಮಟ್ಟಕ್ಕೆ ಬರಲು ಎರಡು ವಾರ ಹಿಡಿಯಿತು. ಐದನೇ ತಿಂಗಳಿಗೆ 2.

ಒಂದು ಮಾತು ಮರೆಯಬೇಡಿ. ಪಾದ ಜೋಮು ಹಿಡಿದರೆ, ಮಲಗಿದಾಗಲೂ ನೋವು ನಿಲ್ಲದಿದ್ದರೆ, ಊದಿಕೊಂಡು ಬಿಸಿಯಾಗಿದ್ದರೆ, ಹಿಮ್ಮಡಿಯನ್ನು ಎರಡು ಬದಿಯಿಂದ ಹಿಂಡಿದಾಗ ಜೀವ ಹೋಗುವಷ್ಟು ನೋವಾದರೆ ಮೊದಲು ಡಾಕ್ಟರಿಗೆ ತೋರಿಸಿ. ಅದು ಬೇರೆ ತೊಂದರೆ ಇರಬಹುದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಐಸ್, ಬಿಸಿನೀರು ಎರಡೂ ಬೇಡ.

ಆರು ಸಲ ಹೋದದ್ದು ಸಾರ್ಥಕವೇ? ಖಂಡಿತ. ಬಿಗಿ ಎಲ್ಲಿದೆ ಅಂತ ನನಗೆ ನಾನೇ ಕಂಡುಕೊಳ್ಳಲು ಆಗುತ್ತಿರಲಿಲ್ಲ. ಆದರೆ ಮನೆಯಲ್ಲಿ ಏನೂ ಮಾಡದೆ ಅರವತ್ತು ಸಲ ಹೋಗಿದ್ದರೂ ನನಗೆ ವಾಸಿಯಾಗುತ್ತಿರಲಿಲ್ಲ ಎಂದೇ ನಂಬಿದ್ದೇನೆ. ಈಗಲೂ ವಾರಕ್ಕೆ ಎರಡು ಸಲ ಮೆಟ್ಟಿಲ ಹತ್ತಿರ ಹೋಗುತ್ತೇನೆ. ಕ್ಯಾಲೆಂಡರಿನಲ್ಲಿ ಕಳೆದ ತಿಂಗಳು ಪೂರ್ತಿ 0, ನಡುವೆ ಮೂರು ದಿನ ಮಾತ್ರ 1.