ನಂಬರ್ ಇರುವ ವಾಚು, ನಂಬರ್ ಇಲ್ಲದ ವಾಚು: ಬೆಲೆ ನಿಲ್ಲುವುದು ಯಾವುದಕ್ಕೆ?

ಹಿಂಬದಿಯಲ್ಲಿ 'ಲಿಮಿಟೆಡ್ ಎಡಿಷನ್' (ಇಷ್ಟೇ ವಾಚು ಮಾಡುತ್ತೇವೆ ಅಂತ ಕಂಪನಿ ಹಾಕಿಕೊಂಡ ಮಿತಿ) ಅಂತ ಕೊರೆದು ಪಕ್ಕದಲ್ಲಿ ಒಂದು ನಂಬರ್ ಹಾಕಿದ್ದರೆ ಆ ವಾಚಿನ ಬೆಲೆ ಇಳಿಯುವುದಿಲ್ಲ ಅಂತ ತುಂಬಾ ಜನ ನಂಬಿದ್ದಾರೆ. ನಾನು ನಾಲ್ಕು ವಾಚುಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಒಂದೊಂದನ್ನೂ ಕೈಗೆ ಕಟ್ಟಿ ಓಡಾಡಿ, ಹಳೇ ವಾಚು ಕೊಳ್ಳುವವರ ಹತ್ತಿರ ಬೆಲೆಯನ್ನೂ ಕೇಳಿ ನೋಡಿದೆ. ನಂಬರಿಗೂ ಬೆಲೆಗೂ ಅಂಥಾ ನಂಟು ಕಾಣಲಿಲ್ಲ. ಬೆಲೆ ನಿಲ್ಲುವುದಕ್ಕೆ ಬೇರೆಯೇ ಕಾರಣಗಳಿವೆ.

ನಾಲ್ಕರಲ್ಲಿ ಮೂರು ನನ್ನವು: ಸೀಕೋ ಎಸ್‌ಪಿಬಿ 149, ಸ್ವಾಚ್ ಕಂಪನಿ ಒಮೆಗಾ ಜೊತೆ ಸೇರಿ ಮಾಡಿದ ಮೂನ್‌ಸ್ವಾಚ್, ಎಚ್‌ಎಂಟಿ ಪೈಲಟ್. ನಾಲ್ಕನೆಯದು ಸಿಂಗಪುರದಲ್ಲಿರುವ ನಮ್ಮ ದೊಡ್ಡಪ್ಪನ ಮಗನದ್ದು. 2015ರ ಒಮೆಗಾ ಸ್ಪೀಡ್‌ಮಾಸ್ಟರ್, 'ಸಿಲ್ವರ್ ಸ್ನೂಪಿ'. ಸ್ನೂಪಿ ಅಂದರೆ ಅಮೆರಿಕದ ಕಾರ್ಟೂನಿನ ನಾಯಿ. ಅಣ್ಣ ಊರಿಗೆ ಬಂದಾಗ ಕೇಳಿ ಕಟ್ಟಿಕೊಂಡೆ.

ಈ ಸ್ನೂಪಿಯ ಬಗ್ಗೆಯೇ ಜಾಸ್ತಿ ಹೇಳಬೇಕು. ಮಾಡಿದ್ದು ಒಟ್ಟು 1970 ವಾಚು. ಆ ಸಂಖ್ಯೆ ಬಂದಿದ್ದು 1970ರ ಏಪ್ರಿಲ್‌ನ ಅಪೋಲೋ 13ರಿಂದ. ಚಂದ್ರನ ಕಡೆ ಹೊರಟಿದ್ದಾಗ ಆಮ್ಲಜನಕದ ಟ್ಯಾಂಕ್ ಸಿಡಿಯಿತು. ಕರೆಂಟು ಉಳಿಸಲು ನೌಕೆಯ ಬಹುಪಾಲು ಉಪಕರಣಗಳನ್ನು ಆರಿಸಬೇಕಾಯಿತು. ವಾಪಸ್ ಬರುವ ದಾರಿ ಸರಿಮಾಡಿಕೊಳ್ಳಲು ಎಂಜಿನ್ ಅನ್ನು 14 ಸೆಕೆಂಡು ಉರಿಸಬೇಕಿತ್ತು. ಆ 14 ಸೆಕೆಂಡನ್ನು ಅಳೆದದ್ದು ಗಗನಯಾತ್ರಿಯ ಕೈಯಲ್ಲಿದ್ದ ಸ್ಪೀಡ್‌ಮಾಸ್ಟರ್. ಅದೇ ವರ್ಷ ಅಕ್ಟೋಬರ್‌ನಲ್ಲಿ ಗಗನಯಾತ್ರಿಗಳು ಒಮೆಗಾಗೆ ತಮ್ಮ 'ಸಿಲ್ವರ್ ಸ್ನೂಪಿ' ಪ್ರಶಸ್ತಿ ಕೊಟ್ಟರು.

ಈ ಕಥೆಯೆಲ್ಲ ಡಯಲ್ ಮೇಲೇ ಇದೆ. ಬಿಳಿ ಡಯಲ್. ಸೊನ್ನೆಯಿಂದ ಹದಿನಾಲ್ಕನೇ ಸೆಕೆಂಡಿನ ಗೆರೆವರೆಗೆ '14 ಸೆಕೆಂಡಿನಲ್ಲಿ ನೀವೇನು ಮಾಡಬಲ್ಲಿರಿ?' ಅನ್ನುವ ಸಾಲನ್ನು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಒಂಬತ್ತರ ಜಾಗದ ಪುಟ್ಟ ಡಯಲ್‌ನಲ್ಲಿ ಸ್ನೂಪಿ ಮಲಗಿದೆ. ರಾತ್ರಿ ದೀಪ ಆರಿಸಿದರೆ ಆ ನಾಯಿಮರಿ ಹೊಳೆಯುತ್ತದೆ! ಹಿಂಬದಿಯಲ್ಲಿ ನೀಲಿ ಎನಾಮಲ್ ಮೇಲೆ ಬೆಳ್ಳಿಯ ಸ್ನೂಪಿ. ಕೀ ಕೊಡುವ ವಾಚು, 1861 ಅನ್ನುವ ಮೆಷಿನ್. ದಿನಾ ಬೆಳಿಗ್ಗೆ ಕೀ ಕೊಡುವುದು ನನಗಂತೂ ಖುಷಿಯ ಕೆಲಸ. ಮಳೆಯಲ್ಲಿ ಮಾತ್ರ ಕೈ ಜೇಬಿಗೆ ಹೋಗುತ್ತಿತ್ತು, ಅಷ್ಟು ಬೆಲೆಯ ವಾಚು ಅಲ್ವಾ. ಮಾರುಕಟ್ಟೆಗೆ ಬಂದಾಗ ಅಮೆರಿಕದಲ್ಲಿ ಇದರ ಬೆಲೆ ಏಳು ಸಾವಿರ ಡಾಲರ್ ಚಿಲ್ಲರೆ ಇತ್ತು. ಈಗ ಸೆಕೆಂಡ್ ಹ್ಯಾಂಡ್‌ನಲ್ಲೇ ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. 2022ರ ನಂತರ ಇಡೀ ವಾಚ್ ಮಾರುಕಟ್ಟೆ ಇಳಿದಾಗ ಇದೂ ಇಳಿಯಿತು. ಆದರೆ ಮೊದಲಿನ ಅಂಗಡಿ ಬೆಲೆಯ ಹತ್ತಿರಕ್ಕೂ ಬರಲಿಲ್ಲ.

ಕಡಿಮೆ ಮಾಡಿದ್ದಕ್ಕೇ ಈ ಬೆಲೆ ಅನ್ನಬಹುದು. ಹಾಗಿದ್ದರೆ ಇನ್ನೊಂದು ಸ್ಪೀಡ್‌ಮಾಸ್ಟರ್ ನೋಡಿ. 2017ರಲ್ಲಿ ಒಮೆಗಾ ಅಪೋಲೋ 17ರ ನೆನಪಿಗೆ ನೀಲಿ ಡಯಲ್‌ನ ವಾಚು ತಂದಿತು. ಮಾಡಿದ್ದು ಒಟ್ಟು 1972 ವಾಚು. ಸ್ನೂಪಿಗಿಂತ ಎರಡೇ ಎರಡು ಜಾಸ್ತಿ. ಅದೇ ಕಂಪನಿ, ಅದೇ ಮಾದರಿ. ಚಂದ್ರನ ನೆಲದಿಂದ ಕೊನೆಯದಾಗಿ ಹೊರಟ ಯೂಜೀನ್ ಸರ್ನನ್ ಅವರ ನೆನಪಿನ ವಾಚು. ಕಥೆ ಏನೂ ಸಣ್ಣದಲ್ಲ. ಆದರೂ ಸ್ನೂಪಿ ಏರಿದ ಹಾಗೆ ಅದು ಏರಲೇ ಇಲ್ಲ. ನನ್ನ ಲೆಕ್ಕದಲ್ಲಿ ಕಾರಣ ಇಷ್ಟು: ಸ್ನೂಪಿಯನ್ನು ದೂರದಿಂದ ನೋಡಿದರೂ ಗುರುತು ಸಿಗುತ್ತದೆ. ಅದರ ಬದಲಿಗೆ ಇನ್ನೊಂದು ಕೊಳ್ಳೋಣ ಅನ್ನಲು ಆಗುವುದಿಲ್ಲ. ನೀಲಿ ಡಯಲ್ ಎಷ್ಟೇ ಚೆಂದ ಇದ್ದರೂ ನೀಲಿ ಸ್ಪೀಡ್‌ಮಾಸ್ಟರ್ ಬೇರೆ ಸಿಗುತ್ತದೆ. 2003ರ ಮೊದಲ ಸ್ನೂಪಿ ವಾಚು 5441 ಇವೆ. ಅಪೋಲೋ 13ರ ಪಯಣ 142 ಗಂಟೆ 54 ನಿಮಿಷ 41 ಸೆಕೆಂಡು, ಅದಕ್ಕೇ ಆ ಸಂಖ್ಯೆ. ಅಷ್ಟೊಂದು ಇದ್ದರೂ ಹುಡುಕುವವರು ಹುಡುಕುತ್ತಲೇ ಇದ್ದಾರೆ. 2020ರ ಸ್ನೂಪಿಗೆ ಮಿತಿಯನ್ನೇ ಹಾಕಿಲ್ಲ. ಅದೂ ಅಂಗಡಿ ಬೆಲೆಗಿಂತ ಮೇಲೆ ಕೈ ಬದಲಾಗುತ್ತಿದೆ.

ಈಗ ಸೀಕೋ. 1965ರಲ್ಲಿ ಬಂದ ಜಪಾನಿನ ಮೊದಲ ಡೈವರ್ ವಾಚಿಗೆ (ನೀರಿನಾಳಕ್ಕೆ ಇಳಿಯುವವರು ಕಟ್ಟುವಂಥದ್ದು) 55 ವರ್ಷ ಆಯಿತು ಅಂತ 2020ರಲ್ಲಿ 5500 ಮಾಡಿದರು. ಬೂದು ಬೆರೆತ ನೀಲಿ ಡಯಲ್, ಚಿನ್ನದ ಬಣ್ಣದ ಸೆಕೆಂಡ್ ಮುಳ್ಳು, 70 ಗಂಟೆ ಓಡುವ 6ಆರ್35 ಮೆಷಿನ್. ದಿನಾ ಕಟ್ಟಲು ನಾಲ್ಕರಲ್ಲಿ ನನಗೆ ಇದೇ ಮೊದಲು. ನೀರು, ಧೂಳು, ಬೈಕು, ಯಾವುದಕ್ಕೂ ಹೆದರಬೇಕಿಲ್ಲ. ಗೆಳೆಯನ ಹತ್ತಿರ ಇದರ ಅಣ್ಣತಮ್ಮ ಎಸ್‌ಪಿಬಿ 143 ಇದೆ. ಅದಕ್ಕೆ ಮಿತಿ ಇಲ್ಲ, ಬೂದು ಡಯಲ್, ಉಳಿದಿದ್ದೆಲ್ಲ ಹೆಚ್ಚುಕಡಿಮೆ ಒಂದೇ. ಎರಡನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿ ಬೆಲೆ ಕೇಳಿದೆವು. ನನ್ನದಕ್ಕೆ ಹೇಳಿದ್ದು ಅವನದಕ್ಕಿಂತ ಸ್ವಲ್ಪವೇ ಮೇಲೆ.

ಇದು ವಾಚಿನ ತಪ್ಪಲ್ಲ. ಮರುವರ್ಷ ಸೀಕೋ ಕಂಪನಿಗೇ 140 ವರ್ಷ ತುಂಬಿತು. ಇದೇ ಆಕಾರಕ್ಕೆ ಬೇರೆ ಬಣ್ಣ ಬಳಿದು ಇನ್ನೊಂದು ಲಿಮಿಟೆಡ್ ಎಡಿಷನ್ ಬಂತು. ಆಮೇಲೂ ಬರುತ್ತಲೇ ಇವೆ. ಇವತ್ತು ಸಿಗದವನು ನಾಳೆ ಅದರ ಹತ್ತಿರದ್ದನ್ನೇ ಕೊಳ್ಳಬಹುದು. ಹಾಗಿರುವಾಗ ಹಳೆಯದಕ್ಕೆ ಜಾಸ್ತಿ ದುಡ್ಡು ಯಾರು ಕೊಡುತ್ತಾರೆ? ಕಟ್ಟಿಕೊಳ್ಳಲು ಅಂತಾದರೆ ನಾನು ಧೈರ್ಯವಾಗಿ 143 ತಗೊಳ್ಳಿ ಅನ್ನುತ್ತೇನೆ.

ಮೂನ್‌ಸ್ವಾಚ್ ವಿಷಯ ಬೇಗ ಮುಗಿಯುತ್ತದೆ. 2022ರ ಮಾರ್ಚ್ 26ರಂದು ಹನ್ನೊಂದು ಬಣ್ಣಗಳಲ್ಲಿ ಬಂತು, 260 ಡಾಲರ್. ಲಂಡನ್, ಸಿಂಗಪುರದಲ್ಲಿ ರಾತ್ರಿಯಿಡೀ ಸಾಲು. ಆ ವಾರ ಅದೇ ವಾಚು ಹಲವು ಪಟ್ಟು ಬೆಲೆಗೆ ಕೈ ಬದಲಾಯಿತು. ಆದರೆ ಅದು ಲಿಮಿಟೆಡ್ ಅಂತ ಕಂಪನಿ ಹೇಳಿರಲೇ ಇಲ್ಲ. ಆಯ್ದ ಅಂಗಡಿಗಳಲ್ಲಿ ಮಾತ್ರ ಕೊಟ್ಟರು, ಅಷ್ಟೇ. ಅಂಗಡಿಗೆ ಮಾಲು ಬರುತ್ತಾ ಹೋದ ಹಾಗೆ ಬೆಲೆ ಇಳಿಯುತ್ತಾ ಹೋಯಿತು. ನನ್ನದು ಮಂಗಳನ ಹೆಸರಿನ ಕೆಂಪು ವಾಚು. ಸೆರಾಮಿಕ್ ಪುಡಿಗೆ ಹರಳೆಣ್ಣೆಯಿಂದ ಮಾಡಿದ ಪದಾರ್ಥ ಬೆರೆಸಿದ ಮೈ, ಸೆಲ್ ಹಾಕುವ ಮೆಷಿನ್. ಕಟ್ಟಿದ್ದೇ ಗೊತ್ತಾಗದಷ್ಟು ಹಗುರ. ಟಿಕ್ ಟಿಕ್ ಸದ್ದು ಮಾತ್ರ ರಾತ್ರಿ ಕೇಳಿಸುತ್ತದೆ. ಅಂಗಡಿ ಬೆಲೆಗೆ ಸಿಕ್ಕರೆ ಮಕ್ಕಳಿಗೆ ಒಳ್ಳೆ ಉಡುಗೊರೆ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೊಡಬೇಡಿ.

ಇನ್ನು ನಮ್ಮ ಪೈಲಟ್. ಇದರ ಮೇಲೆ ಯಾವ ಸಂಖ್ಯೆಯ ಮಿತಿಯೂ ಇಲ್ಲ. ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿತು. ಜನತಾ, ಪೈಲಟ್ ಎರಡಕ್ಕೂ ಹದಿನೇಳು ಜ್ಯುವೆಲ್‌ನ (ಸವೆತ ತಡೆಯಲು ಮೆಷಿನ್ ಒಳಗೆ ಕೂರಿಸುವ ಪುಟ್ಟ ಹರಳು), ಕೀ ಕೊಡುವ ಮೆಷಿನ್. ಮಾಡಿದ್ದು ರಾಶಿರಾಶಿ. ಹಾಗಾದರೆ ನೂರರ ಲೆಕ್ಕದಲ್ಲಿ ಸಿಗುತ್ತಿದ್ದ ವಾಚು ಸಾವಿರಗಳಿಗೆ ಏರಿದ್ದು ಹೇಗೆ? 2014ರಲ್ಲಿ ಮುಚ್ಚುವ ಸುದ್ದಿ ಬಂದಾಗ ಜನ ಮುಗಿಬಿದ್ದರು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಹಳೆಯ ಕಾರ್ಖಾನೆಯ ಪೈಲಟ್ ಇನ್ನು ಹುಟ್ಟುವುದಿಲ್ಲ. ಕಂಪನಿ ಹಾಕುವ ಮಿತಿಯನ್ನು ಕಂಪನಿಯೇ ಮುರಿಯಬಹುದು, ಈ ಮಿತಿಯನ್ನು ಯಾರೂ ಮುರಿಯಲಾರರು. ರೋಲೆಕ್ಸ್ ಡೇಟೋನಾದ 'ಪಾಲ್ ನ್ಯೂಮನ್' ಡಯಲ್ ಕಥೆಯೂ ಹೀಗೇ. ಆ ಕಾಲದಲ್ಲಿ ಕೇಳುವವರಿಲ್ಲದೆ ಕಡಿಮೆ ಮಾಡಿದರು. ನಟ ನ್ಯೂಮನ್ ಅವರ ಸ್ವಂತ ವಾಚು 2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೆ ಹೋಯಿತು.

ಬೆಲೆ ಕೇಳಲು ಹೋದಲ್ಲೆಲ್ಲ ಮೊದಲು ಬಂದ ಪ್ರಶ್ನೆ ಒಂದೇ: "ಬಾಕ್ಸ್ ಇದೆಯಾ ಸಾರ್? ವಾರಂಟಿ ಕಾರ್ಡು?" ಆಮೇಲೆ ವಾಚಿನ ಮೈಯ ಅಂಚು ನೋಡುತ್ತಾರೆ. ಪಾಲಿಶ್ ಮಾಡಿಸಿ ಅಂಚು ಸವೆದಿದ್ದರೆ ಅಲ್ಲಿಗೇ ಬೆಲೆ ಕಡಿತ. ಹಿಂಬದಿಯ ನಂಬರ್ ಓದಿದ್ದು ಕೊನೆಗೆ.

ಅಣ್ಣನ ಹತ್ತಿರ ಸ್ನೂಪಿಯ ಬಾಕ್ಸ್, ಪುಸ್ತಕ, ಬಿಲ್ಲು ಎಲ್ಲಾ ಇವೆ. ಮಾರಬೇಡ ಅಂತ ಹೇಳಿದ್ದೇನೆ. ಲಕ್ಷಗಟ್ಟಲೆ ಹಾಕಲು ಆಗದವರು ಒಳ್ಳೆಯ ಪೈಲಟ್ ಹುಡುಕಿ. ಆದರೆ ಆನ್‌ಲೈನ್‌ನಲ್ಲಿ ಪಳಪಳ ಹೊಳೆಯುವ ಕೆಂಪು, ಹಸಿರು ಡಯಲ್‌ಗಳ ಬಲೆಗೆ ಬೀಳಬೇಡಿ. ಬಹುಪಾಲು ಹೊಸದಾಗಿ ಬಣ್ಣ ಬಳಿದು ಅಚ್ಚು ಹಾಕಿದವು. ಕಪ್ಪು ಡಯಲ್ ಸ್ವಲ್ಪ ಮಾಸಿದ್ದರೂ ಪರವಾಗಿಲ್ಲ, ಅಕ್ಷರಗಳ ಅಂಚು ಚೂಪಾಗಿರಲಿ. ಹಿಂಬದಿ ತೆಗೆಸಿ ಮೆಷಿನ್ ಮೇಲೆ ಎಚ್‌ಎಂಟಿ ಹೆಸರು ಓದಿದ ಮೇಲೆಯೇ ದುಡ್ಡು ಕೊಡಿ.